ಒಂದೇ ಸೀಸನ್ ಆಡಿದ ಬ್ಯಾರಿ ಸ್ಯಾಂಡರ್ಸ್ ಎಲ್ಲರಿಗಿಂತ ಮೇಲೆ ಹೇಗೆ?

ಅಮೆರಿಕನ್ ಫುಟ್‌ಬಾಲ್ ನೋಡುವ ಗೆಳೆಯರು ಸೇರಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಾಲೇಜು ಮಟ್ಟದಲ್ಲಿ ಅತಿ ದೊಡ್ಡ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಆಟಗಾರ, ಯಾರು? ನಾನು ಬ್ಯಾರಿ ಸ್ಯಾಂಡರ್ಸ್ ಅನ್ನುತ್ತೇನೆ. ಆಗ ಎಲ್ಲರೂ ನನ್ನ ಮೇಲೆ ಬೀಳುತ್ತಾರೆ. "ಅವನು ಸರಿಯಾಗಿ ಆಡಿದ್ದೇ ಒಂದು ಸೀಸನ್. ಮೂರು ವರ್ಷ, ನಾಲ್ಕು ವರ್ಷ ಓಡಿದವರನ್ನೆಲ್ಲ ಬಿಟ್ಟು ಅವನ್ಯಾಕೆ?"

ಕೇಳುವುದರಲ್ಲಿ ತಪ್ಪಿಲ್ಲ. ಟೋನಿ ಡಾರ್ಸೆಟ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪರವಾಗಿ 1973ರಿಂದ 1976ರವರೆಗೆ ನಾಲ್ಕು ಸೀಸನ್‌ಗಳಲ್ಲಿ 6,082 ಯಾರ್ಡ್ ಓಡಿದ. ಹರ್ಷೆಲ್ ವಾಕರ್ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಬಂದ ಮೊದಲ ವರ್ಷವೇ, 1980ರಲ್ಲಿ, ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿಬಿಟ್ಟ. ಮೂರು ಸೀಸನ್‌ಗಳಲ್ಲಿ ಅವನದು 5,259 ಯಾರ್ಡ್. ಆರ್ಚಿ ಗ್ರಿಫಿನ್ ಹೈಸ್ಮನ್ ಟ್ರೋಫಿಯನ್ನು, ಅಂದರೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿಯನ್ನು, 1974 ಮತ್ತು 1975ರಲ್ಲಿ ಎರಡು ಸಲ ಗೆದ್ದ. ಸ್ಯಾಂಡರ್ಸ್‌ನ ಮೂರೂ ವರ್ಷ ಕೂಡಿಸಿದರೆ ಬರುವುದು 3,556. ಒಟ್ಟು ಲೆಕ್ಕದಲ್ಲಿ ಅವನು ಇವರ ಹತ್ತಿರಕ್ಕೂ ಬರುವುದಿಲ್ಲ.

ಆದರೂ ನನ್ನ ಉತ್ತರ ಬದಲಾಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಮೊದಲು ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನದ ಉದ್ದ 100 ಯಾರ್ಡ್. ಚೆಂಡು ಹಿಡಿದ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ದೂರ ಎಸೆಯಬಹುದು, ಇಲ್ಲವೇ ಹಿಂದೆ ನಿಂತ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ಚೆಂಡು ಸಿಕ್ಕವನು ಎದುರಿಗೆ ಬರುವ 11 ಜನರ ನಡುವೆ ದಾರಿ ಹುಡುಕಿ ಓಡಬೇಕು. ಒಂದು ಪಂದ್ಯದಲ್ಲಿ 100 ಯಾರ್ಡ್ ಓಡಿದರೆ ಒಳ್ಳೆಯ ದಿನ. ಸೀಸನ್‌ನಲ್ಲಿ 1,000 ದಾಟಿದರೆ ಒಳ್ಳೆಯ ವರ್ಷ. ಈ ಎರಡು ಅಳತೆ ನೆನಪಿದ್ದರೆ ಸಾಕು.

ಇನ್ನು ಒಂದೇ ಸೀಸನ್ ಯಾಕೆ ಅನ್ನುವುದು. ಸ್ಯಾಂಡರ್ಸ್ ಕಾನ್ಸಾಸ್ ರಾಜ್ಯದ ವಿಚಿಟಾ ಊರಿನವನು. 11 ಮಕ್ಕಳ ಮನೆ. ಅಪ್ಪ ವಿಲಿಯಂ ಮನೆಗಳಿಗೆ ಛಾವಣಿ ಹಾಕುವ ಕೆಲಸ ಮಾಡುತ್ತಿದ್ದರು. ಹುಡುಗನ ಎತ್ತರ 5 ಅಡಿ 8 ಇಂಚು. ಹೈಸ್ಕೂಲಿನಲ್ಲೂ ಅವನಿಗೆ ರನ್ನಿಂಗ್ ಬ್ಯಾಕ್ ಜಾಗ ಖಾಯಂ ಆಗಿದ್ದು ಕೊನೆಯ ವರ್ಷದಲ್ಲಿ, ಅದೂ ಸೀಸನ್ ಶುರುವಾಗಿ ಕೆಲವು ಪಂದ್ಯ ಮುಗಿದ ಮೇಲೆ. ದೊಡ್ಡ ದೊಡ್ಡ ಕಾಲೇಜುಗಳು ಕುಳ್ಳ ಅಂತ ಕೈಬಿಟ್ಟವು. ಓಕ್ಲಹೋಮ ಸ್ಟೇಟ್ ಸ್ಕಾಲರ್‌ಶಿಪ್ ಕೊಟ್ಟಿತು. ಅಲ್ಲಿಗೆ ಹೋದರೆ ಅದೇ ಜಾಗದಲ್ಲಿ ಥರ್ಮನ್ ಥಾಮಸ್ ಇದ್ದಾನೆ!

ಈ ಥಾಮಸ್ ಸಾಮಾನ್ಯ ಆಟಗಾರ ಅಲ್ಲ. 1987ರಲ್ಲಿ ಅವನು 1,613 ಯಾರ್ಡ್ ಓಡಿದ್ದ. ಮುಂದೆ ವೃತ್ತಿಪರ ತಂಡ ಬಫಲೋ ಬಿಲ್ಸ್ ಪರ ಆಡಿ, ಆಟದ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಸ್ಯಾಂಡರ್ಸ್ ಕೂಡ ಆಮೇಲೆ ಅಲ್ಲಿಗೇ ಸೇರಿದವನು. ಅಂದರೆ ಹಾಲ್ ಆಫ್ ಫೇಮ್‌ಗೆ ಹೋಗುವ ಇಬ್ಬರು ಎರಡು ವರ್ಷ ಒಂದೇ ತಂಡದಲ್ಲಿ, ಒಂದೇ ಜಾಗಕ್ಕಿದ್ದರು. ಕೋಚ್ ಪ್ಯಾಟ್ ಜೋನ್ಸ್ ಸೀನಿಯರ್‌ನನ್ನು ಆಡಿಸಿದರು. ಅದನ್ನು ತಪ್ಪು ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಹಾಗಂತ ಸ್ಯಾಂಡರ್ಸ್ ಆ ಎರಡು ವರ್ಷ ಬೆಂಚಿನ ಮೇಲೆ ಸುಮ್ನೆ ಕೂತಿರಲಿಲ್ಲ. 1987ರಲ್ಲಿ ಬರೀ 111 ಸಲ ಚೆಂಡು ಸಿಕ್ಕಿತು, ಅಷ್ಟರಲ್ಲೇ 603 ಯಾರ್ಡ್ ಓಡಿದ. ಎದುರಾಳಿ ಒದ್ದ ಚೆಂಡನ್ನು ಹಿಡಿದು ವಾಪಸ್ ಓಡುವ ಕೆಲಸವೂ ಅವನದೇ. ಆ ವರ್ಷ ಕಿಕ್‌ಆಫ್ ರಿಟರ್ನ್ ಸರಾಸರಿಯಲ್ಲಿ ಇಡೀ ದೇಶಕ್ಕೆ ಅವನೇ ಮೊದಲು, 31.6 ಯಾರ್ಡ್. ಅವನ ಕೈಗೆ ಚೆಂಡು ಕೊಟ್ಟರೆ ಏನಾಗುತ್ತದೆ ಅನ್ನುವುದು ಆಗಲೇ ಕಾಣುತ್ತಿತ್ತು. ಕೊಡಲು ಜಾಗ ಖಾಲಿ ಇರಲಿಲ್ಲ, ಅಷ್ಟೇ.

1988ರಲ್ಲಿ ಥಾಮಸ್ ಹೊರಟುಹೋದ. ಜಾಗ ಖಾಲಿಯಾಯಿತು. ಒಹಾಯೋದ ಮಯಾಮಿ ತಂಡದ ವಿರುದ್ಧ ಮೊದಲ ಪಂದ್ಯ. ಎದುರಾಳಿ ಮೊದಲ ಕಿಕ್ ಒದೆಯುತ್ತಾನೆ, ಸ್ಯಾಂಡರ್ಸ್ ಹಿಡಿಯುತ್ತಾನೆ, ಮೈದಾನದ ಈ ತುದಿಯಿಂದ ಆ ತುದಿಗೆ 100 ಯಾರ್ಡ್ ಓಡಿ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕಡೆಯ ಗೆರೆ ದಾಟಿಸಿ ಅಂಕ. ಸೀಸನ್ನಿನ ಮೊಟ್ಟಮೊದಲ ಆಟ ಅದು!

ಇನ್ನು ಅವನ ಪಂದ್ಯವಾರು ಲೆಕ್ಕ ಕೊಡುತ್ತೇನೆ. ನನ್ನ ವಾದ ನಿಂತಿರುವುದೇ ಇದರ ಮೇಲೆ. 178, 157, 304, 174, 189, 154, 320, 215, 312, 293, 332. ಹನ್ನೊಂದು ಪಂದ್ಯ, ಒಟ್ಟು 2,628 ಯಾರ್ಡ್. ಎಲ್ಲರೂ 300ರ ಮೇಲಿನ ನಾಲ್ಕು ಸಂಖ್ಯೆ ನೋಡಿ ಬೆರಗಾಗುತ್ತಾರೆ. ನೀವು ಕೆಳಗಿನದನ್ನು ನೋಡಿ. ಅವನ ಅತಿ ಕೆಟ್ಟ ದಿನ 154. ಬೇರೆಯವರು ವರ್ಷದಲ್ಲಿ ಒಂದೆರಡು ಸಲ ಮುಟ್ಟಿ ಹೆಮ್ಮೆಪಡುವ ಅಂಕಿ ಅದು. ಅವನು ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅವನಿಗಿಂತ ಮೊದಲು ಒಂದು ಸೀಸನ್ನಿನ ದಾಖಲೆ ಇದ್ದದ್ದು ಮಾರ್ಕಸ್ ಆಲನ್ ಹೆಸರಲ್ಲಿ, 1981ರಲ್ಲಿ 2,342. ಅದನ್ನು ಹತ್ತಲ್ಲ, ಇಪ್ಪತ್ತಲ್ಲ, 286 ಯಾರ್ಡ್‌ನಿಂದ ಮುರಿದ. ಓಡಿ ಗಳಿಸಿದ ಟಚ್‌ಡೌನ್ 37, ಒಟ್ಟು 39.

ಇದರಲ್ಲಿ ಇನ್ನೊಂದು ವಿಷಯವೂ ಇದೆ. ಸೀಸನ್ ಮುಗಿದ ಮೇಲೆ ಒಳ್ಳೆಯ ತಂಡಗಳಿಗೆ ಬೌಲ್ ಅನ್ನುವ ಒಂದು ವಿಶೇಷ ಪಂದ್ಯ ಇರುತ್ತದೆ. ಅಂಥ ಹಾಲಿಡೇ ಬೌಲ್ ಪಂದ್ಯದಲ್ಲಿ ವಯೋಮಿಂಗ್ ವಿರುದ್ಧ ಅವನು ಇನ್ನೂ 222 ಯಾರ್ಡ್ ಓಡಿ ಐದು ಟಚ್‌ಡೌನ್ ಹೊಡೆದ. ಆಗಿನ ನಿಯಮದಂತೆ ಬೌಲ್ ಪಂದ್ಯದ ಲೆಕ್ಕ ದಾಖಲೆಗೆ ಸೇರುತ್ತಿರಲಿಲ್ಲ. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಅದನ್ನು ಸೇರಿಸಲು ಶುರು ಮಾಡಿದ್ದು 2002ರಿಂದ. ಸೇರಿಸಿದ್ದರೆ 2,850 ಆಗುತ್ತಿತ್ತು. ಈಗಿನ ಹುಡುಗರಿಗೆ ಬೌಲ್ ಕೂಡ ಲೆಕ್ಕ, ಪಂದ್ಯಗಳೂ ಜಾಸ್ತಿ. ಮೆಲ್ವಿನ್ ಗಾರ್ಡನ್ 2014ರಲ್ಲಿ 14 ಪಂದ್ಯ ಆಡಿ 2,587ಕ್ಕೆ ನಿಂತ. ಬಾಯ್ಸಿ ಸ್ಟೇಟ್‌ನ ಆಶ್ಟನ್ ಜೆಂಟಿ 2024ರಲ್ಲಿ ಅದೇ 14 ಪಂದ್ಯಗಳಲ್ಲಿ 2,601. ಬರೀ 27 ಯಾರ್ಡ್ ಕಡಿಮೆ. ಫಿಯೆಸ್ಟಾ ಬೌಲ್‌ನಲ್ಲಿ ಪೆನ್ ಸ್ಟೇಟ್ ತಂಡ ಅವನನ್ನು 104ಕ್ಕೆ ಕಟ್ಟಿಹಾಕದಿದ್ದರೆ ದಾಖಲೆ ಆ ರಾತ್ರಿಯೇ ಹೋಗುತ್ತಿತ್ತು. ಜೆಂಟಿ ಅದ್ಭುತ ಆಟಗಾರ, ಎರಡು ಮಾತಿಲ್ಲ. ಆದರೆ ಮೂರು ಪಂದ್ಯ ಜಾಸ್ತಿ ಆಡಿಯೂ ಸಾಲಲಿಲ್ಲ.

ಓಡುವ ರೀತಿ ಬಗ್ಗೆ ಒಂದಿಷ್ಟು ಹೇಳದಿದ್ದರೆ ಬರೀ ಅಂಕಿ ಆಗಿಬಿಡುತ್ತದೆ. ವಾಕರ್ ಎದುರಿಗೆ ಬಂದವನನ್ನು ಗುದ್ದಿ ಕೆಡವಿ ಹೋಗುತ್ತಿದ್ದ. ಸ್ಯಾಂಡರ್ಸ್‌ನದು ಒಳ್ಳೆಯ ಕಬಡ್ಡಿ ರೈಡರ್‌ನ ಆಟ. ಕೈ ಚಾಚಿದವನಿಗೆ ಸಿಗುವುದೇ ಇಲ್ಲ. ಪೂರ್ತಿ ವೇಗದಲ್ಲಿ ಬಂದು ಗಕ್ಕನೆ ನಿಲ್ಲುತ್ತಾನೆ, ಹಿಡಿಯಲು ಬಂದವನು ಮುಂದೆ ಜಾರಿ ಹೋಗುತ್ತಾನೆ, ಇವನು ಪಕ್ಕಕ್ಕೆ ತಿರುಗಿ ಮತ್ತೆ ಅದೇ ವೇಗ. ಕುಳ್ಳ ಅಂತ ಬಿಟ್ಟವರು ಅವನ ತೊಡೆಗಳನ್ನು ನೋಡಿರಲಿಲ್ಲ ಅನ್ನಿಸುತ್ತದೆ. ಜೊತೆಗೆ, ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ದೊಡ್ಡ ಲೈನ್‌ಮನ್‌ಗಳ ಹಿಂದೆ ಅವನು ಎದುರಾಳಿಗಳಿಗೆ ಕಾಣುವುದೇ ತಡವಾಗುತ್ತಿತ್ತು.

ಈಗ ವಿರೋಧದ ಮಾತು. "ಎದುರಾಳಿಗಳು ದುರ್ಬಲ" ಅನ್ನುತ್ತಾರೆ. ಅರ್ಧ ನಿಜ. 320 ಹೊಡೆದದ್ದು ಕಾನ್ಸಾಸ್ ಸ್ಟೇಟ್ ಮೇಲೆ. ಆ ತಂಡ ಆ ವರ್ಷ ಹನ್ನೊಂದಕ್ಕೆ ಹನ್ನೊಂದೂ ಸೋತಿತ್ತು. 312 ಹೊಡೆದದ್ದು ಕಾನ್ಸಾಸ್ ಮೇಲೆ. ಅವರು ಗೆದ್ದದ್ದು ಒಂದೇ ಪಂದ್ಯ. ಇವೆರಡನ್ನೂ ಬೇಕಾದರೆ ತೆಗೆದುಬಿಡಿ. ನೆಬ್ರಾಸ್ಕಾ ವಿರುದ್ಧ 189, ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯವಾದ ಓಕ್ಲಹೋಮ ವಿರುದ್ಧ 215, ಕೊಲೊರಾಡೋ ವಿರುದ್ಧ 174. ಇವು ಓಕ್ಲಹೋಮ ಸ್ಟೇಟ್ ಆಡುತ್ತಿದ್ದ ಬಿಗ್ ಏಟ್ ಕಾನ್ಫರೆನ್ಸ್ ಅನ್ನುವ ಗುಂಪಿನ ಗಟ್ಟಿ ತಂಡಗಳು. ನೆಬ್ರಾಸ್ಕಾ, ಓಕ್ಲಹೋಮ ಎರಡರ ಕೈಯಲ್ಲೂ ತಂಡ ಸೋತಿತು, ಸ್ಯಾಂಡರ್ಸ್ ಸೋಲಲಿಲ್ಲ. ಓಕ್ಲಹೋಮ ಪಂದ್ಯ ಹೋಗಿದ್ದು 31-28ರಲ್ಲಿ. ಕೊನೆಯಲ್ಲಿ ಎಂಡ್ ಝೋನ್‌ನಲ್ಲಿ, ಅಂದರೆ ಹಿಡಿದರೆ ಟಚ್‌ಡೌನ್ ಆಗುವ ಜಾಗದಲ್ಲಿ, ಓಕ್ಲಹೋಮ ಸ್ಟೇಟ್ ಆಟಗಾರನ ಕೈಗೆ ಬಂದ ಪಾಸ್ ಜಾರಿ ಬಿತ್ತು. ತಮಾಷೆ ಏನೆಂದರೆ ಅವನ ಅಪ್ಪನೇ ಓಕ್ಲಹೋಮ ತಂಡದ ಅಭಿಮಾನಿ. ಅತಿ ದೊಡ್ಡ ರನ್ನಿಂಗ್ ಬ್ಯಾಕ್ ಯಾರು ಅಂತ ಆ ಅಪ್ಪನನ್ನು ಕೇಳಿದರೆ ಮೊದಲು ಹಿಂದಿನ ದಿಗ್ಗಜ ಜಿಮ್ ಬ್ರೌನ್, ಆಮೇಲೆ ತಾನು, ಆಮೇಲೆ ಮಗ ಅನ್ನುತ್ತಿದ್ದರಂತೆ. ಮನೆಯಲ್ಲೇ ಮೂರನೇ ಸ್ಥಾನ!

"ತಂಡ ಚೆನ್ನಾಗಿತ್ತು" ಅನ್ನುವುದು ಮಾತ್ರ ಪೂರ್ತಿ ನಿಜ, ನಾನು ಒಪ್ಪುತ್ತೇನೆ. ಕ್ವಾರ್ಟರ್‌ಬ್ಯಾಕ್ ಮೈಕ್ ಗಂಡಿ, ಪಾಸ್ ಹಿಡಿಯಲು ಹಾರ್ಟ್ ಲೀ ಡೈಕ್ಸ್, ಮುಂದೆ ದಾರಿ ಮಾಡಲು 'ವಾರ್ ಪಿಗ್ಸ್' ಅಂತ ಹೆಸರು ಪಡೆದ ಲೈನ್‌ಮನ್‌ಗಳು. ಎದುರಾಳಿಗಳು ಎಲ್ಲರೂ ಸ್ಯಾಂಡರ್ಸ್ ಮೇಲೆ ಬೀಳುವ ಹಾಗಿರಲಿಲ್ಲ. ಅವನೂ ಇದನ್ನು ಮರೆಯಲಿಲ್ಲ. ಹೊಗಳಿಕೆ ಬಂದಾಗಲೆಲ್ಲ ಲೈನ್‌ಮನ್‌ಗಳ ಕಡೆ ತಿರುಗಿಸುತ್ತಿದ್ದ. ಹೈಸ್ಮನ್ ಘೋಷಣೆಯ ದಿನ ತಂಡ ಟೋಕಿಯೋದಲ್ಲಿತ್ತು, ಟೆಕ್ಸಾಸ್ ಟೆಕ್ ವಿರುದ್ಧ ಕೊನೆಯ ಪಂದ್ಯ ಆಡಲು. ಪ್ರಶಸ್ತಿ ನ್ಯೂಯಾರ್ಕಿನಲ್ಲಿ, ಗೆದ್ದವನು ಜಪಾನಿನಲ್ಲಿ. ಉಪಗ್ರಹದ ಮೂಲಕ ಟಿವಿಯಲ್ಲಿ ಮಾತಾಡಬೇಕಿತ್ತು. ಅವನಿಗೆ ಕ್ಯಾಮೆರಾ ಮುಂದೆ ಕೂರಲು ಮನಸ್ಸೇ ಇರಲಿಲ್ಲ, ಒಪ್ಪಿಸಬೇಕಾಯಿತು. ಅದು ಮುಗಿಸಿ ಮೈದಾನಕ್ಕೆ ಇಳಿದು 332 ಯಾರ್ಡ್ ಓಡಿದ. ಪಂದ್ಯ 45-42ರಲ್ಲಿ ಗೆದ್ದರು. ಆ ಹೈಸ್ಮನ್ ಮತದಾನದಲ್ಲಿ ಮೂರನೆಯವನಾದ ಟ್ರಾಯ್ ಐಕ್‌ಮನ್ ಕೆಲವೇ ತಿಂಗಳಲ್ಲಿ ಡ್ರಾಫ್ಟಿನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಾಗ, ಮೊದಲಿಗನಾಗಿ ಡಲ್ಲಾಸ್ ತಂಡ ಸೇರಿದ. ಸ್ಯಾಂಡರ್ಸ್ ಮೂರನೆಯವನಾಗಿ ಡೆಟ್ರಾಯಿಟ್ ಲಯನ್ಸ್‌ಗೆ ಹೋದ.

ಹೌದು, ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ ಹೋದ. ಆಟಗಾರರನ್ನು ಸೇರಿಸಿಕೊಳ್ಳುವ ನಿಯಮ ಮುರಿದದ್ದಕ್ಕೆ ಎನ್‌ಸಿಎಎ 1989ರ ಜನವರಿಯಲ್ಲಿ ಓಕ್ಲಹೋಮ ಸ್ಟೇಟ್‌ಗೆ ಶಿಕ್ಷೆ ಹಾಕಿತು. ಬೌಲ್ ಪಂದ್ಯಗಳೂ ಬಂದ್. ಆಗ ಮೂರನೇ ವರ್ಷದ ಹುಡುಗರನ್ನು ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಇವನಿಗೆ ವಿಶೇಷವಾಗಿ ಬಾಗಿಲು ತೆರೆದರು. ಮುಂದಿನ ವರ್ಷದಿಂದ ಎಲ್ಲರಿಗೂ ತೆರೆಯಿತು.

ಹಾಗಾದರೆ ನಾಲ್ಕನೇ ವರ್ಷವೂ ಆಡಿದ್ದರೆ? ನನಗನ್ನಿಸುವುದು, ಅಂಕಿ ಕಡಿಮೆಯೇ ಆಗುತ್ತಿತ್ತು. ಡೈಕ್ಸ್ ಹೋಗಿದ್ದ, ತಂಡ ಸೊರಗುತ್ತಿತ್ತು, ಎಲ್ಲ ಎದುರಾಳಿಗಳೂ ಅವನಿಗಾಗಿಯೇ ತಯಾರಾಗಿ ಬರುತ್ತಿದ್ದರು. ಆದರೆ ನಾನು ಹೇಳುತ್ತಿರುವುದು ಒಟ್ಟು ಮೊತ್ತದ ವಿಷಯವೇ ಅಲ್ಲ. ದೀರ್ಘಕಾಲ ಚೆನ್ನಾಗಿ ಓಡಿದವನು ಯಾರು ಅಂತ ಕೇಳಿದರೆ ನಾನೂ ಡಾರ್ಸೆಟ್ ಅನ್ನುತ್ತೇನೆ. ಚೆಂಡು ಕೈಗೆ ಸಿಕ್ಕಾಗ ಯಾರೂ ತಡೆಯಲಾಗದವನು ಯಾರು ಅಂತ ಕೇಳಿದರೆ 154ಕ್ಕಿಂತ ಕೆಳಗಿಳಿಯದ ಹುಡುಗನ ಹೆಸರು ಹೇಳುತ್ತೇನೆ. ನಂಬದವರು 1988ರ ನೆಬ್ರಾಸ್ಕಾ ಪಂದ್ಯದ ವಿಡಿಯೋ ಹುಡುಕಿ ನೋಡಿ. 63-42ರಲ್ಲಿ ಸೋತ ಪಂದ್ಯ. ಸ್ಕೋರ್ ಕಡೆ ಗಮನ ಕೊಡಬೇಡಿ, 21ನೇ ನಂಬರ್ ಜೆರ್ಸಿಯನ್ನು ಮಾತ್ರ ನೋಡಿ. ಆಮೇಲೆ ಜಗಳಕ್ಕೆ ಬನ್ನಿ.