ಚೌಕಿಗೆ 5ಡಿ, ಕಂಬಳಕ್ಕೆ 7ಡಿ: ಎರಡು ಹಳೇ ಕ್ಯಾಮೆರಾ ನನಗೆ ಕಲಿಸಿದ್ದು

ಕಳೆದ ತಿಂಗಳು ಒಬ್ಬ ಹುಡುಗ ಸ್ಟುಡಿಯೋಗೆ ಬಂದಿದ್ದ. ಕಾಲೇಜು ಮುಗಿಸಿ ಈಗಷ್ಟೇ ಫೋಟೋ ಕೆಲಸಕ್ಕೆ ಇಳಿದಿದ್ದಾನೆ. ಮೊಬೈಲ್ ತೆಗೆದು ಎರಡು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತೋರಿಸಿದ. ಒಂದು ಕ್ಯಾನನ್ 5ಡಿ ಮಾರ್ಕ್ 2, ಇನ್ನೊಂದು ಕ್ಯಾನನ್ 7ಡಿ.

"ಅಣ್ಣ, ಎರಡರಲ್ಲಿ ಯಾವುದು ಒಳ್ಳೇದು?"

ನಾನು ತಿರುಗಿ ಕೇಳಿದ್ದು ಒಂದೇ ಮಾತು. "ನೀನು ಎಲ್ಲಿ ನಿಂತು ಫೋಟೋ ತೆಗೀತೀಯ ಮಾರಾಯ?"

ಅವನು ಸುಮ್ಮನಾದ. ಯೋಚನೆ ಮಾಡಿ ಹೇಳ್ತೇನೆ ಅಂದ. ಈ ಎರಡೂ ಕ್ಯಾಮೆರಾ ನನ್ನ ಬ್ಯಾಗಿನಲ್ಲಿ ವರ್ಷಗಟ್ಟಲೆ ಅಕ್ಕಪಕ್ಕ ಕೂತಿವೆ. ಉಡುಪಿ, ಕುಂದಾಪುರ ಕಡೆಯ ಫೋಟೋಗ್ರಾಫರ್‌ಗೆ ಕೆಲಸ ಅಂದರೆ ಮದುವೆ, ಯಕ್ಷಗಾನ, ಕಂಬಳ. ಆ ಮೂರೂ ಕಡೆ ಇವನ್ನು ದುಡಿಸಿದ್ದೇನೆ. ಅವನಿಗೆ ಅವತ್ತು ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೇನೆ. ಈಗ ಕಡಿಮೆ ದುಡ್ಡಿನಲ್ಲಿ ಹಳೇ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ತಗೊಂಡು ಕೆಲಸ ಶುರು ಮಾಡುವವರು ತುಂಬ ಜನ ಇದ್ದಾರೆ, ಅವರಿಗೆ ಉಪಯೋಗ ಆಗಬಹುದು.

5ಡಿ ಮಾರ್ಕ್ 2 ಬಂದದ್ದು 2008ರಲ್ಲಿ, 7ಡಿ 2009ರಲ್ಲಿ. ಕೈಯಲ್ಲಿ ಹಿಡಿದರೆ ತೂಕದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಎರಡೂ 800 ಗ್ರಾಂಗಿಂತ ಸ್ವಲ್ಪ ಮೇಲೆ. ಎರಡಕ್ಕೂ ಅದೇ ಎಲ್‌ಪಿ-ಇ6 ಬ್ಯಾಟರಿ, ಅದೇ ಸಿಎಫ್ ಮೆಮೊರಿ ಕಾರ್ಡ್. ವ್ಯತ್ಯಾಸ ಇರುವುದು ಒಳಗೆ. 5ಡಿಯದ್ದು ಫುಲ್ ಫ್ರೇಮ್, ಅಂದರೆ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಅದರಲ್ಲಿ 21 ಮೆಗಾಪಿಕ್ಸೆಲ್. 7ಡಿಯ ಸೆನ್ಸರ್ 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ, 18 ಮೆಗಾಪಿಕ್ಸೆಲ್. ಬೆಳಕು ಬೀಳುವ ಜಾಗ 5ಡಿಯಲ್ಲಿ ಎರಡೂವರೆ ಪಟ್ಟಿಗಿಂತ ಜಾಸ್ತಿ. ಆದರೆ 5ಡಿ ಸೆಕೆಂಡಿಗೆ 3.9 ಫ್ರೇಮ್ ತೆಗೆದರೆ 7ಡಿ 8 ತೆಗೆಯುತ್ತದೆ.

ಇಷ್ಟು ಓದಿದವರಿಗೆ ದೊಡ್ಡ ಸೆನ್ಸರೇ ಮೇಲು ಅನಿಸುವುದು ಸಹಜ. ನನಗೂ ಹಾಗೇ ಅನಿಸಿತ್ತು. ಅದೇ ನಂಬಿಕೆಯಲ್ಲಿ ಒಂದು ವರ್ಷ ಮೂಡುಬಿದಿರೆ ಕಂಬಳಕ್ಕೆ 5ಡಿ ಒಂದನ್ನೇ ಹಿಡಿದು ಹೋಗಿದ್ದೆ.

ಕಂಬಳದಲ್ಲಿ ಕನೆ ಹಲಗೆ ಅಂತ ಒಂದು ವಿಭಾಗ ಇದೆ. ಕೋಣಗಳ ಹಿಂದೆ ಕಟ್ಟಿದ ಹಲಗೆಯ ಮೇಲೆ ಓಟಗಾರ ಒಂದು ಕಾಲಿಟ್ಟು ನಿಂತಿರುತ್ತಾನೆ. ಕೋಣ ಓಡಿದ ಹಾಗೆ ಹಲಗೆಯ ತೂತಿನಿಂದ ಕೆಸರು ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಗೆ, ಅಂದರೆ ಕೋಣ ಓಡುವ ಕೆಸರಿನ ದಾರಿಗೆ, ಅಡ್ಡವಾಗಿ 6.5 ಕೋಲು, 7.5 ಕೋಲು (ಕೋಲು ಅಂದರೆ ಇಲ್ಲಿನ ಉದ್ದದ ಅಳತೆ) ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ನೀರು ಅದಕ್ಕೆ ತಾಗಬೇಕು. ಕೋಣದ ಯಜಮಾನರು ಫೋಟೋ ಹೇಳುವುದೂ ಆ ಒಂದು ಗಳಿಗೆಗೆ. ನೀರು ನಿಶಾನೆಗೆ ತಾಗಿರಬೇಕು, ಕೆಳಗೆ ಕೋಣಗಳ ಮುಖ ಕಾಣಬೇಕು, ಓಟಗಾರನ ಕಾಲು ಹಲಗೆಯ ಮೇಲಿರಬೇಕು. ಮೂರೂ ಒಂದೇ ಫ್ರೇಮಿನಲ್ಲಿ.

ನಾನು ಶಟರ್ ಒತ್ತಿ ಹಿಡಿದಿದ್ದೆ. ಆಮೇಲೆ ನೋಡಿದರೆ ಒಂದು ಫ್ರೇಮಿನಲ್ಲಿ ನೀರು ಇನ್ನೂ ಏಳುತ್ತಿದೆ. ಮುಂದಿನದರಲ್ಲಿ ನೀರು ಆಗಲೇ ಬೀಳುತ್ತಿದೆ, ನಿಶಾನೆ ಒದ್ದೆಯಾಗಿದೆ. ಯಜಮಾನರು ಕ್ಯಾಮೆರಾದ ಹಿಂದಿನ ಪರದೆ ನೋಡಿ ಕೇಳಿದರು, "ನೀರು ಎಲ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಒಳ್ಳೆಯ ಓಟದ ಕೋಣಗಳು ಸೆಕೆಂಡಿಗೆ ಹತ್ತು ಮೀಟರ್ ಹತ್ತಿರ ಓಡುತ್ತವೆ. ಸೆಕೆಂಡಿಗೆ ನಾಲ್ಕು ಫ್ರೇಮ್ ಅಂದರೆ ಒಂದು ಫೋಟೋದಿಂದ ಇನ್ನೊಂದಕ್ಕೆ ಕೋಣ ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. 7ಡಿಯಲ್ಲಿ ಈ ಅಂತರ ಅರ್ಧಕ್ಕೆ ಇಳಿಯುತ್ತದೆ. ಇದು ಬರೀ ಅಂಕಿ ಅಲ್ಲ. ನೀರು ನಿಶಾನೆಗೆ ತಾಗಿದ ಆ ಫೋಟೋ ಸಿಗುವುದೋ ಇಲ್ಲವೋ ಅನ್ನುವುದು ಆ ಒಂದೂಕಾಲು ಮೀಟರಿನಲ್ಲೇ ತೀರ್ಮಾನ ಆಗುತ್ತದೆ.

ಇನ್ನೊಂದು ವಿಷಯ ಫೋಕಸ್. 5ಡಿ ಮಾರ್ಕ್ 2ರಲ್ಲಿ ಕಣ್ಣಿಗೆ ಕಾಣುವ ಫೋಕಸ್ ಪಾಯಿಂಟ್ 9. ಅದರಲ್ಲಿ ನಡುವಿನದ್ದು ಮಾತ್ರ ಕ್ರಾಸ್ ಟೈಪ್, ಗಟ್ಟಿಯಾಗಿ ಹಿಡಿಯುವುದು ಅದೊಂದೇ. 7ಡಿಯಲ್ಲಿ 19 ಇವೆ, ಎಲ್ಲವೂ ಕ್ರಾಸ್ ಟೈಪ್. ಕೋಣ ಎದುರಿಗೇ ನುಗ್ಗಿ ಬರುವಾಗ ಅದರ ಮುಖ ಫ್ರೇಮಿನ ನಡುವೆಯೇ ಇರುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. 7ಡಿ ಅದನ್ನು ಪಕ್ಕಕ್ಕೆ ಸರಿದರೂ ಬಿಡದೆ ಹಿಡಿಯುತ್ತದೆ.

ದೂರದ ಲೆಕ್ಕವೂ ಹಾಗೆಯೇ. ಗದ್ದೆಯ ಬದುವಿನಾಚೆ ನಿಂತು 70-200 ಲೆನ್ಸ್ ಹಾಕಿದರೆ 7ಡಿಯ ಸಣ್ಣ ಸೆನ್ಸರಿನಿಂದಾಗಿ 200 ಮಿ.ಮೀ. ನೋಟ 320ರ ಹಾಗೆ ಕಾಣುತ್ತದೆ. "5ಡಿಯಲ್ಲಿ ತೆಗೆದು ಆಮೇಲೆ ಕ್ರಾಪ್ ಮಾಡಿದರೆ ಆಯ್ತಲ್ವಾ?" ಅಂತ ಆ ಹುಡುಗ ಕೇಳಿದ. ಮಾಡಬಹುದು. ಆದರೆ ಅಷ್ಟೇ ಭಾಗ ಕತ್ತರಿಸಿದರೆ 21 ಮೆಗಾಪಿಕ್ಸೆಲಿನಲ್ಲಿ ಉಳಿಯುವುದು 8 ಚಿಲ್ಲರೆ. 7ಡಿಯಲ್ಲಿ ಅದೇ ಕೋಣದ ಮೇಲೆ ಪೂರ್ತಿ 18 ಇರುತ್ತದೆ. ಯಜಮಾನರು ಆ ಫೋಟೋವನ್ನು ಮನೆಯ ಚಾವಡಿಯಲ್ಲಿ ದೊಡ್ಡದಾಗಿ ಹಾಕಿಸುವವರು. ಆಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಮುಂದಿನ ಸಲ 7ಡಿ ಹಿಡಿದು ಹೋದೆ. ಅಲ್ಲೂ ಒಂದು ಪಾಠ ಕಾದಿತ್ತು. ಕೋಣ ಗಂತು, ಅಂದರೆ ಓಟ ಶುರುವಾಗುವ ಜಾಗ, ಬಿಟ್ಟ ಕೂಡಲೇ ಒತ್ತಲು ಶುರು ಮಾಡಿದೆ. ಅವು ನಿಶಾನೆಗೆ ಬರುವಷ್ಟರಲ್ಲಿ ಬಫರ್ (ಫೋಟೋ ಕಾರ್ಡಿಗೆ ಹೋಗುವ ಮೊದಲು ನಿಲ್ಲುವ ಜಾಗ) ತುಂಬಿ ಕ್ಯಾಮೆರಾ ನಿಂತೇ ಹೋಯಿತು. 7ಡಿ ಮೊದಲು ಬಂದಾಗ ಒಂದೇ ಉಸಿರಿಗೆ 15 ರಾ ಫೈಲ್ (ಕಚ್ಚಾ ಫೋಟೋ) ಹಿಡಿಯುತ್ತಿತ್ತು. 2012ರ ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ಹಾಕಿದ ಮೇಲೆ ಅದು 25 ಆಯಿತು. ಸೆಕೆಂಡಿಗೆ 8ರ ಲೆಕ್ಕದಲ್ಲಿ 25 ಅಂದರೆ ಮೂರು ಸೆಕೆಂಡ್, ಅಷ್ಟೇ. ಈಗ ನಾನು ಕೋಣ ನಿಶಾನೆಯ ಹತ್ತಿರ ಬರುವವರೆಗೆ ಫೋಕಸ್ ಮಾತ್ರ ಹಿಡಿದು ಕಾಯುತ್ತೇನೆ. ಸುತ್ತ ಜನ ಕೂಗುತ್ತಿರುವಾಗ ಬೆರಳನ್ನು ತಡೆದು ಹಿಡಿಯುವುದು ಸುಲಭ ಅಲ್ಲ. ನನಗೆ ಅದು ಅಭ್ಯಾಸ ಆಗಲು ಒಂದು ಸೀಸನ್ ಪೂರ್ತಿ ಬೇಕಾಯಿತು. ಎಕ್ಸ್‌ಪೋಷರ್ ಮ್ಯಾನುವಲ್‌ನಲ್ಲೇ ಇಡಬೇಕು. ಇಲ್ಲದಿದ್ದರೆ ಕಪ್ಪು ಕೋಣ ನೋಡಿ ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ಎಕ್ಸ್‌ಪೋಷರ್ ಜಾಸ್ತಿ ಮಾಡುತ್ತದೆ, ಚಿಮ್ಮಿದ ನೀರು ಬಿಳಿ ಬಟ್ಟೆಯ ಹಾಗೆ ಚಪ್ಪಟೆ ಆಗುತ್ತದೆ.

ಹಾಗಾದರೆ 7ಡಿಯೇ ಸಾಕಲ್ಲ ಅನಿಸಬಹುದು. ಅದಕ್ಕೆ ಚೌಕಿಗೆ, ಅಂದರೆ ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ, ಬರಬೇಕು.

ದೀಪಾವಳಿ ಕಳೆದ ಮೇಲೆ ಮೇಳಗಳ ತಿರುಗಾಟ ಶುರುವಾಗುತ್ತದೆ. ಆಟ, ಅಂದರೆ ಯಕ್ಷಗಾನ, ನೋಡುವವರು ರಂಗಸ್ಥಳದ ಎದುರು ಕೂರುತ್ತಾರೆ. ನನಗೆ ಮಾತ್ರ ಮೊದಲಿನಿಂದಲೂ ಹಿಂದಿನ ಚೌಕಿಯೇ ಇಷ್ಟ. ಸಾಲಾಗಿ ಪೆಟ್ಟಿಗೆ, ಅದರ ಪಕ್ಕ ನೆಲದ ಮೇಲೆ ಕೂತ ಕಲಾವಿದರು, ಒಬ್ಬೊಬ್ಬರ ಕೈಯಲ್ಲೂ ಒಂದು ಸಣ್ಣ ಕನ್ನಡಿ. ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿ) ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಚುಟ್ಟಿ ಇಡುವುದನ್ನು ಹತ್ತಿರದಿಂದ ನೋಡಬೇಕು. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿರುತ್ತಾರೆ. ಸಣ್ಣ ಕಡ್ಡಿಯಲ್ಲಿ ಅದನ್ನು ತೆಗೆದು ಕೆನ್ನೆಯ ಮೇಲೆ ಒಂದೊಂದೇ ಚುಕ್ಕಿ ಇಡುತ್ತಾರೆ. ಒಂದು ಸಾಲು ಒಣಗಬೇಕು, ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಹಿಡಿಯುತ್ತದೆ. ಆ ಹೊತ್ತಿಗೆ ಅವರ ಉಸಿರು ಕೂಡ ನಿಧಾನ ಆಗಿರುತ್ತದೆ.

ಅಲ್ಲಿ ಫ್ಲ್ಯಾಷ್ ಹೊಡೆಯುವುದು ನನ್ನಿಂದ ಆಗುವುದಿಲ್ಲ. ಅವರ ಏಕಾಗ್ರತೆ ಕೆಡುತ್ತದೆ, ಬಲ್ಬಿನ ಬೆಳಕಿನಲ್ಲಿ ಮುಖಕ್ಕೆ ಬಂದಿದ್ದ ಚಂದವೂ ಹೋಗುತ್ತದೆ. ಇರುವ ಬೆಳಕಿನಲ್ಲೇ ತೆಗೆಯಬೇಕು. 50 ಎಂಎಂ 1.8 ಲೆನ್ಸ್, ಶಟರ್ 1/80, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200, ಹೆಚ್ಚು ಕಡಿಮೆ ಇಷ್ಟೇ ನನ್ನ ಸೆಟ್ಟಿಂಗ್. 5ಡಿ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಅರದಳ ಅನ್ನುವ ಬಣ್ಣದ ಹಳದಿ, ಕೆಂಪು, ಕಣ್ಣಿನ ಕಪ್ಪು, ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಅದೇ ಸೆಟ್ಟಿಂಗಿನಲ್ಲಿ 7ಡಿಯಲ್ಲಿ ತೆಗೆದರೆ ಕಪ್ಪಿನ ಜಾಗದಲ್ಲಿ ಬಣ್ಣಬಣ್ಣದ ಕಾಳು ಏಳುತ್ತವೆ. ಸಾಫ್ಟ್‌ವೇರಿನಲ್ಲಿ ಅದನ್ನು ಒರೆಸಲು ಹೋದರೆ ಚುಟ್ಟಿಯ ಚುಕ್ಕಿಗಳ ಅಂಚೂ ಜೊತೆಗೆ ಕರಗುತ್ತದೆ. ಅವರು ಗಂಟೆಗಟ್ಟಲೆ ಕೂತು ಇಟ್ಟ ಚುಕ್ಕಿಗಳನ್ನು ನಾನು ಒಂದು ಕ್ಲಿಕ್ಕಿನಲ್ಲಿ ಅಳಿಸಿದ ಹಾಗಾಗುತ್ತದೆ. ಇದು ನನಗೆ ಸಹಿಸಲಿಕ್ಕೆ ಆಗದ ವಿಷಯ.

ಚೌಕಿ ಇಕ್ಕಟ್ಟು ಬೇರೆ. 7ಡಿಯಲ್ಲಿ 50 ಎಂಎಂ ಅಂದರೆ 80ರ ನೋಟ. ಹಿಂದೆ ಸರಿಯಲು ಹೋದರೆ ಯಾರದ್ದೋ ಕಿರೀಟದ ಮೇಲೆ ಕಾಲಿಡುವ ಭಯ.

5ಡಿಯ ತೊಂದರೆಯನ್ನೂ ಹೇಳಿಬಿಡುತ್ತೇನೆ. ನಡುವಿನ ಪಾಯಿಂಟ್ ಒಂದನ್ನೇ ನಂಬಬೇಕು ಅಂದೆನಲ್ಲ, ಹಾಗಾಗಿ ಕಣ್ಣಿಗೆ ಫೋಕಸ್ ಹಿಡಿದು ಆಮೇಲೆ ಫ್ರೇಮ್ ತಿರುಗಿಸುತ್ತೇವೆ. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, 1.8ರಲ್ಲಿ ಇದ್ದರೆ, ಒಂದು ಮೀಟರ್ ದೂರದಿಂದ, ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 4 ಸೆಂ.ಮೀ. ನಾವು ತಿರುಗುವಾಗ ಅಷ್ಟು ಸರಿದುಬಿಟ್ಟರೆ ಕಣ್ಣು ಮಸುಕು, ಕಿವಿ ಸ್ಪಷ್ಟ. ನಾನು 2.8ಕ್ಕೆ ಇಳಿಸಿ, ಪ್ರತಿ ಭಂಗಿಗೂ ಮೂರು ಸಲ ಹೊಸದಾಗಿ ಫೋಕಸ್ ಹಿಡಿದು ತೆಗೆಯುತ್ತೇನೆ. ಮುಖದ ಕೆಂಪಿಗೂ ಹುಷಾರಾಗಿರಬೇಕು. ಸಾದಾ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಸರಿ ಇದೆ ಅಂತ ತೋರಿಸಿದರೂ ಕೆಂಪು ಒಂದೇ ಅಳತೆ ಮೀರಿ ವಿವರ ಕಳೆದುಕೊಂಡಿರುತ್ತದೆ. ಬಣ್ಣಬಣ್ಣದ ಹಿಸ್ಟೋಗ್ರಾಂ ಎರಡರಲ್ಲೂ ಇದೆ, ಅದನ್ನೇ ನೋಡಿ.

ರಂಗಸ್ಥಳದ ಬೆಳಕಿನ ಬಗ್ಗೆಯೂ ಒಂದು ಮಾತು. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಹಳೇ ನಮೂನೆಯ ದೊಡ್ಡ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/1000ದಲ್ಲಿ ತೆಗೆದರೆ ಒಂದು ಫ್ರೇಮ್ ಬೆಳ್ಳಗೆ, ಒಂದು ಹಳದಿ, ಒಂದು ಕಪ್ಪು. ರಾತ್ರಿ ಕಂಬಳದಲ್ಲಿ ನನ್ನ ಎಷ್ಟೋ ಫೋಟೋ ಹೀಗೆ ಹೋಗಿವೆ. ಈ ಎರಡು ಬಾಡಿಯಲ್ಲೂ ಅದಕ್ಕೆ ಮದ್ದಿಲ್ಲ. ಆಟದಲ್ಲಿ ಮಾತ್ರ 1/100 ಇಟ್ಟರೆ ಬಣ್ಣ ಒಂದೇ ಸಮ ಇರುತ್ತದೆ. ದಿಗಿಣ (ಸುತ್ತುತ್ತಾ ಹಾರುವ ಕುಣಿತ) ಹೊಡೆಯುವಾಗ ಸೆರಗು, ಕೈ ಸ್ವಲ್ಪ ಮಸುಕಾಗುತ್ತದೆ. ನನಗೆ ಅದು ಚಂದವೇ.

ಈಗ ಮದುವೆ. ಇಲ್ಲಿ ನಾನು ಕಲಿತದ್ದು ಬೇರೆಯೇ.

ಒಂದು ಮದುವೆಯಲ್ಲಿ ನನ್ನ ಮುಖ್ಯ ಕ್ಯಾಮೆರಾ 7ಡಿ, ಅದಕ್ಕೆ 17-55 ಲೆನ್ಸ್. 5ಡಿ ಬ್ಯಾಗಿನಲ್ಲಿತ್ತು, 50ರ ಜೊತೆ. ಅಂತರಪಟ ಹಿಡಿದಿದ್ದರು. ಕಾರ್ಡ್ ತುಂಬಿತು ಅಂತ ಅವಸರದಲ್ಲಿ ಬದಲಾಯಿಸಿದೆ. ಕಾರ್ಡ್ ಸ್ವಲ್ಪ ಓರೆಯಾಗಿ ಹೋಯಿತು, ನಾನು ಒತ್ತಿದೆ. ಒಳಗಿನ ಪಿನ್ ಬಾಗಿತು, ಕ್ಯಾಮೆರಾ ಅಲ್ಲಿಗೇ ನಿಂತಿತು. 5ಡಿ ಹೊರಗೆ ತೆಗೆದು 17-55 ಹಾಕಲು ಹೋದೆ. ಅದು ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ ಮಾಡಿದ ಇಎಫ್-ಎಸ್ ಲೆನ್ಸ್, ಫುಲ್ ಫ್ರೇಮ್ ಬಾಡಿಗೆ ಕೂರುವುದೇ ಇಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮೊದಲೇ ಯೋಚಿಸಿರಲಿಲ್ಲ. ಪೂರ್ತಿ ಧಾರೆಯನ್ನು 50ರಲ್ಲೇ ತೆಗೆದೆ. ಹುಡುಗ, ಹುಡುಗಿ, ಧಾರೆ ಎರೆಯುವ ಕೈ ಎಲ್ಲ ಬಂದವು. ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಸೋದರಮಾವ ಫ್ರೇಮಿನಿಂದ ಹೊರಗೆ ಉಳಿದರು. ಆಲ್ಬಂ ಕೊಟ್ಟಾಗ ಹುಡುಗಿಯ ತಾಯಿ ಪುಟ ತಿರುಗಿಸುತ್ತಾ ಹುಡುಕಿದ್ದು ತಮ್ಮ ಅಣ್ಣನನ್ನೇ.

ಆ ವಾರವೇ 17-55 ಮಾರಿ ಇಎಫ್ 24-70 ತಗೊಂಡೆ. ಈಗ ನನ್ನ ಹತ್ತಿರ ಇರುವ ಪ್ರತಿ ಲೆನ್ಸೂ ಎರಡೂ ಬಾಡಿಗೆ ಕೂರುತ್ತದೆ. ಮಂಟಪದ ಮೇಲೆ 24-70 ಹಾಕಿದ 5ಡಿ, ದೂರದಿಂದ ಮುಖಭಾವ ಹಿಡಿಯಲು 70-200 ಹಾಕಿದ 7ಡಿ. ಒಂದು ಕೈಕೊಟ್ಟರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಎರಡು ಬಾಡಿ ಇಟ್ಟುಕೊಳ್ಳುವವರು ಬ್ಯಾಟರಿ, ಕಾರ್ಡ್, ಲೆನ್ಸ್ ಮೂರನ್ನೂ ಒಂದೇ ಸಲ ಯೋಚಿಸಿ.

ಹಳೇದು ಕೊಳ್ಳುವಾಗ ನಾನು ಮೊದಲು ನೋಡುವುದೂ ಆ ಪಿನ್ನುಗಳನ್ನೇ. ಸಿಎಫ್ ಕಾರ್ಡಿನ ಜಾಗದಲ್ಲಿ ಕೂದಲಿನ ಹಾಗೆ ತೆಳುವಾದ 50 ಪಿನ್ ಇರುತ್ತವೆ. ಟಾರ್ಚ್ ಹಾಕಿ ಎರಡು ಸಾಲೂ ನೇರ ಇದೆಯಾ ನೋಡಬೇಕು. ಆಮೇಲೆ ಶಟರ್ ಲೆಕ್ಕ. ಎರಡರ ಶಟರಿಗೂ ಕಂಪನಿ ಹೇಳಿದ ಆಯಸ್ಸು 1.5 ಲಕ್ಷ ಕ್ಲಿಕ್. ಈ ಲೆಕ್ಕ ಫೋಟೋ ಫೈಲಿನಲ್ಲಿ ಸಿಗುವುದಿಲ್ಲ, ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. 7ಡಿ ಆದರೆ ಇದನ್ನು ಬಿಡಲೇಬೇಡಿ, ಸೆಕೆಂಡಿಗೆ 8 ಹೊಡೆಯುವ ಕ್ಯಾಮೆರಾದಲ್ಲಿ ಒಂದು ಕಂಬಳಕ್ಕೇ ಮೂರು ಸಾವಿರ ಕ್ಲಿಕ್ ಖರ್ಚಾಗುತ್ತದೆ. ಮತ್ತೆ ನಮ್ಮ ಕರಾವಳಿಯ ಮಳೆಗಾಲ. ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಗೆರೆ ಕಂಡರೆ ಅದು ಫಂಗಸ್, ಬೆಲೆ ಎಷ್ಟು ಇಳಿಸಿದರೂ ಬೇಡ ಅನ್ನಿ. ನನ್ನದೆಲ್ಲ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇರುತ್ತದೆ. ನೀಲಿ ಕಾಳು ಗುಲಾಬಿ ಆದ ಕೂಡಲೇ ಬಿಸಿ ಮಾಡಿ ಮತ್ತೆ ಹಾಕುತ್ತೇನೆ.

ಆ ಹುಡುಗ ಎರಡು ದಿನ ಬಿಟ್ಟು ಫೋನ್ ಮಾಡಿದ. ಅವನ ಅಪ್ಪ ಮೇಳದಲ್ಲಿ ಮದ್ದಳೆ ಬಾರಿಸುವವರಂತೆ. ಚಿಕ್ಕಂದಿನಿಂದ ಚೌಕಿಯಲ್ಲೇ ನಿದ್ದೆ ಮಾಡಿ ಬೆಳೆದವನು. "ಆಟದ್ದೇ ಫೋಟೋ ತೆಗೀಬೇಕು ಅಣ್ಣ" ಅಂದ. ಹಾಗಾದರೆ 5ಡಿ ತಗೋ, ಬೆಲೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ ಅಂದೆ. ತಗೊಂಡು ನೇರ ಸ್ಟುಡಿಯೋಗೆ ಬಂದ. ಇಬ್ಬರೂ ಕೂತು ಟಾರ್ಚ್ ಹಾಕಿ ಪಿನ್ ನೋಡಿದೆವು. ಎಲ್ಲ ನೇರ ಇದ್ದವು.

ಶನಿವಾರ ಅವನ ಜೊತೆ ಚೌಕಿಗೆ ಹೋಗಿದ್ದೆ. ನನ್ನ 50 ಎಂಎಂ ಅವನ ಕ್ಯಾಮೆರಾಕ್ಕೆ ಹಾಕಿ ಕೊಟ್ಟೆ. ಬಣ್ಣದ ವೇಷದವರ ಎದುರು ಮೊಣಕಾಲೂರಿ ಕೂತ. ಅವರು ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದರು, "ಫ್ಲ್ಯಾಷ್ ಹಾಕುದಿಲ್ವಾ?"

"ಬೇಡ, ಇದರಲ್ಲಿ ಆಗ್ತದೆ" ಅಂದ. ಅವರು ಇನ್ನೊಂದು ಚುಕ್ಕಿ ಇಟ್ಟರು.