ಉತ್ತರ ಉಗಾಂಡಾದಲ್ಲಿ ಸ್ವಯಂಸೇವೆಗೆ ಹೋಗಿರುವ ತಮ್ಮನನ್ನೋ ತಂಗಿಯನ್ನೋ ನೋಡಿಬರುವವರಿಗೆ: ಗುಲು ದಾರಿಯ ವಿವರ

ರಾಜಧಾನಿ ಕಂಪಾಲಾದಿಂದ ಉತ್ತರದ ಗುಲು ನಗರಕ್ಕೆ ಸುಮಾರು 330 ಕಿಲೋಮೀಟರ್. ಬಸ್ಸಿನಲ್ಲಿ ಐದಾರು ತಾಸು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ಚಕ್ರ ಉರುಳಿದ ಮೇಲಿನ ಲೆಕ್ಕ. ಹೊರಡುವ ಮುಂಚೆ ನಿಲ್ದಾಣದಲ್ಲೇ ಎರಡು ಮೂರು ತಾಸು ಬೆವರುತ್ತಾ ಕೂರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಮಾನ, ವೀಸಾ ಎಲ್ಲ ಸಲೀಸಾಗಿ ಮುಗಿದವರ ಪ್ರವಾಸವೂ ಕೆಡುವುದು ಇಲ್ಲೇ. ಅದಕ್ಕೇ ಮೊದಲು ಬಸ್ಸಿನ ವಿಷಯ.

ಕಂಪಾಲಾದಲ್ಲಿ ಎಲ್ಲ ಬಸ್ಸುಗಳಿಗೂ ಸೇರಿ ಒಂದೇ ನಿಲ್ದಾಣ ಅಂತ ಇಲ್ಲ, ಬೇರೆ ಬೇರೆ ಕಂಪನಿಗೆ ಬೇರೆ ಬೇರೆ ಜಾಗ. ಯಾವ ಬಸ್, ಎಲ್ಲಿಂದ ಎಂಬುದನ್ನು ಅಲ್ಲೇ ಓಡಾಡುವ ತಮ್ಮ ಅಥವಾ ತಂಗಿಯಿಂದ ಬರೆಸಿಕೊಂಡೇ ಹೋಗಿ. ಜಾಗಕ್ಕೆ ಕಾಲಿಟ್ಟ ಕೂಡಲೇ ನಾಲ್ಕು ಜನ ನಿಮ್ಮ ಚೀಲಕ್ಕೆ ಕೈ ಹಾಕುತ್ತಾರೆ. 'ಈಗಲೇ ಹೊರಡುತ್ತದೆ' ಅನ್ನುತ್ತಾರೆ. ಎಂಜಿನ್ ಚಾಲೂ ಇರುತ್ತದೆ, ಮುಕ್ಕಾಲು ಸೀಟು ತುಂಬಿರುತ್ತದೆ. ಆ ತುಂಬಿದ ಸೀಟುಗಳನ್ನು ಸ್ವಲ್ಪ ಗಮನಿಸಿ ನೋಡಬೇಕು. ನಿಜವಾದ ಪ್ರಯಾಣಿಕರ ಕಾಲ ಬಳಿ ಚೀಲ, ಮಡಿಲಲ್ಲಿ ಮಗು, ಕೈಯಲ್ಲಿ ನೀರಿನ ಬಾಟಲಿ, ಏನಾದರೊಂದು ಇರುತ್ತದೆ. ಬರಿಗೈಯಲ್ಲಿ ಕೂತವರನ್ನು ಬಸ್ ತುಂಬಿದಂತೆ ಕಾಣಲಿ ಎಂದು ಕೂರಿಸಿರುವ ಸಂಭವವೇ ಹೆಚ್ಚು. ನೀವು ದುಡ್ಡು ಕೊಟ್ಟ ಮೇಲೆ ಅವರು ಒಬ್ಬೊಬ್ಬರಾಗಿ ಇಳಿದು ಹೋಗುತ್ತಾರೆ. ಇನ್ನೊಂದು ಗುರುತು ಬಸ್ಸಿನ ಹೊಟ್ಟೆಯ ಡಿಕ್ಕಿ. ಮೇಲೆ ಮುಕ್ಕಾಲು ಬಸ್ ಜನ, ಕೆಳಗೆ ಡಿಕ್ಕಿ ಖಾಲಿ ಅಂದರೆ ಆ ಬಸ್ ಸದ್ಯಕ್ಕೆ ಕದಲುವುದಿಲ್ಲ.

ಹಾಗಾಗಿ ಹೊರಡುವ ಹೊತ್ತು ಮತ್ತು ಸೀಟ್ ನಂಬರ್ ಬರೆದ ಟಿಕೆಟನ್ನು ಕಚೇರಿಯ ಕಿಟಕಿಯಲ್ಲೇ ಕೊಡುವ ಬಸ್ಸಿಗೆ ಸ್ವಲ್ಪ ಹೆಚ್ಚಾದರೂ ಕೊಟ್ಟುಬಿಡಿ. ಬೆಳಗಿನ ಮೊದಲ ಬಸ್ ಹಿಡಿಯಿರಿ. ಮಧ್ಯಾಹ್ನ ಹೊರಟರೆ ಕತ್ತಲಾದ ಮೇಲೂ ಹೆದ್ದಾರಿಯಲ್ಲೇ ಇರುತ್ತೀರಿ, ಅಲ್ಲಿನ ರಾತ್ರಿ ರಸ್ತೆ ಅಪಾಯದ್ದು. ದೀಪವಿಲ್ಲದೆ ಕೆಟ್ಟು ನಿಂತ ಲಾರಿಗಳೇ ಸಾಕು. ಉತ್ತರಕ್ಕೆ ಹೋಗುವಾಗ ಬೆಳಗಿನ ಬಿಸಿಲು ಬಲಗಡೆ, ಆದ್ದರಿಂದ ಎಡಗಡೆ ಕೂರಿ. ಎಷ್ಟೋ ಬಸ್ಸುಗಳಲ್ಲಿ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಸೀಟು. ಎರಡರ ಬದಿಯನ್ನು ಕೇಳಿ ಪಡೆಯಿರಿ, ಚಕ್ರದ ಮೇಲಿನ ಸಾಲು ಬೇಡ. ಹೊತ್ತಿನ ವಿಷಯದಲ್ಲೂ ಎಚ್ಚರ. ಲುಗಾಂಡಾ ಮಾತಾಡುವವರು ಗಂಟೆ ಎಣಿಸುವುದು ಬೆಳಗಿನ ಆರರಿಂದ. ಅವರ ಎರಡು ಗಂಟೆ ನಿಮ್ಮ ಕೈಗಡಿಯಾರದಲ್ಲಿ ಬೆಳಿಗ್ಗೆ 8. ಬಸ್ ಎಷ್ಟಕ್ಕೆ ಎಂದು ಬಾಯಲ್ಲಿ ಕೇಳಿ ಸುಮ್ಮನಾಗದೆ ಅಂಕಿಯಲ್ಲಿ ಬರೆಸಿಕೊಳ್ಳಿ.

ಕರುಮಾದಲ್ಲಿ ನೈಲ್ ದಾಟುವಾಗ ರಸ್ತೆ ಬದಿ ಬಬೂನ್ ಕೋತಿಗಳು ಕೂತಿರುತ್ತವೆ. ಕಿಟಕಿ ತೆರೆದಿಟ್ಟು ಬಾಳೆಹಣ್ಣು ತಿನ್ನಬೇಡಿ.

ತಮ್ಮ, ತಂಗಿ ಎಂಟೆಬ್ಬೆ ವಿಮಾನ ನಿಲ್ದಾಣಕ್ಕೇ ಬಂದು ಕರೆದೊಯ್ಯಲಿ ಎಂದು ಎಷ್ಟೋ ಮನೆಗಳಲ್ಲಿ ಹಟ ಹಿಡಿಯುತ್ತಾರೆ. ದಯವಿಟ್ಟು ಬೇಡ. ಹೋಗಿಬರಲು ಅವರ ಎರಡು ದಿನ ಹಾಳಾಗುತ್ತದೆ, ಅಷ್ಟು ದಿನ ಅವರ ಕೆಲಸವನ್ನು ಬೇರೆ ಯಾರೋ ಹೊರಬೇಕು. ಎಂಟೆಬ್ಬೆಯಿಂದ ಕಂಪಾಲಾ ಸುಮಾರು 40 ಕಿಲೋಮೀಟರ್, ಸಂಜೆಯ ಜಾಮ್‌ನಲ್ಲಿ ಎರಡು ತಾಸೂ ಹಿಡಿಯಬಹುದು. ರಾತ್ರಿ ಇಳಿಯುವ ವಿಮಾನವಾದರೆ ಎಂಟೆಬ್ಬೆಯಲ್ಲೇ ಮಲಗಿ. ಟ್ಯಾಕ್ಸಿ ಮಾತಾಡುವಾಗ ಎಕ್ಸ್‌ಪ್ರೆಸ್‌ವೇ ಟೋಲ್ ಸೇರಿದೆಯೋ ಇಲ್ಲವೋ ಮೊದಲೇ ಕೇಳಿ, ಇಳಿಯುವಾಗ ಅದೇ ಜಗಳ.

ವೀಸಾ ವಲಸೆ ಇಲಾಖೆಯ ಅಧಿಕೃತ ತಾಣದಲ್ಲಿ 50 ಡಾಲರ್, ಕಾರ್ಡ್ ಶುಲ್ಕ ಬೇರೆ. ನೋಡಲು ಸರ್ಕಾರಿ ತಾಣದಂತೆಯೇ ಇರುವ ಖಾಸಗಿ ತಾಣಗಳು ಅದೇ ಅರ್ಜಿಗೆ ಬಹಳ ಹೆಚ್ಚು ಕೀಳುತ್ತವೆ. ಹಳದಿ ಜ್ವರದ ಲಸಿಕೆಯ ಕಾರ್ಡ್ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಲಸಿಕೆ ಚುಚ್ಚಿಸಿಕೊಂಡ 10 ದಿನದ ನಂತರವೇ ಕಾರ್ಡ್ ಊರ್ಜಿತ. ಎಂಟೆಬ್ಬೆಯ ಕೌಂಟರಿನಲ್ಲಿ ಮುದ್ರೆ ಒತ್ತಿದ ಕೂಡಲೇ ಎಷ್ಟು ದಿನ ಬರೆದಿದ್ದಾರೆ ನೋಡಿಕೊಳ್ಳಿ, ಯಾವಾಗಲೂ 90 ದಿನವೇ ಸಿಗುತ್ತದೆ ಎಂದೇನಿಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ತಂಗಿಯ ಶಾಲೆಯಲ್ಲಿ ಪಾಠ ಮಾಡಲು ನಿಲ್ಲಬೇಡಿ. ತೊಂದರೆ ಬಂದರೆ ಸಿಕ್ಕಿಬೀಳುವುದು ಅವಳ ಸಂಸ್ಥೆ.

ಡಾಲರ್ ಒಯ್ಯುವುದಾದರೆ 100ರ ಹೊಸ ನೋಟು, ಮಡಿಕೆ, ಕಲೆ, ಗೀಟು ಇಲ್ಲದ್ದು. ಚಿಕ್ಕ ನೋಟಿಗೆ ಕಡಿಮೆ ದರ, ಹಳೆಯ ನೋಟನ್ನು ಮುಟ್ಟುವುದೇ ಇಲ್ಲ. ಹಳ್ಳಿ ಕಡೆ 50,000 ಶಿಲ್ಲಿಂಗ್ ನೋಟಿಗೆ ಚಿಲ್ಲರೆ ಹುಟ್ಟುವುದಿಲ್ಲ, 1,000, 2,000, 5,000ದವು ಜೇಬಿನಲ್ಲಿರಲಿ. ಸಿಮ್ ಬೇಕಾದರೆ ಪಾಸ್‌ಪೋರ್ಟ್ ಹಿಡಿದು ಕಂಪನಿಯ ಮಳಿಗೆಗೇ ಹೋಗಿ ನೋಂದಾಯಿಸಿ. ಗುಲುವಿನಿಂದಾಚೆ ಎಟಿಎಂಗಿಂತ ಮೊಬೈಲ್ ಮನಿಯೇ, ಅಂದರೆ ಸಿಮ್ ನಂಬರಿನ ಖಾತೆಯಲ್ಲಿಡುವ ದುಡ್ಡೇ ಗಟ್ಟಿ.

ಗುಲುವಿನಿಂದ ಹಳ್ಳಿಗೆ ಬೋಡಾ-ಬೋಡಾ, ಅಂದರೆ ಬಾಡಿಗೆ ಬೈಕು, ಬಹುಪಾಲು ನಮ್ಮ ಬಜಾಜ್ ಬಾಕ್ಸರೇ. ಸೈಲೆನ್ಸರ್ ಬಲಗಡೆ ಇರುವುದರಿಂದ ಹತ್ತುವುದೂ ಇಳಿಯುವುದೂ ಎಡಗಡೆಯಿಂದ. ಇಲ್ಲದಿದ್ದರೆ ಬಲಗಾಲಿನ ಮೀನಖಂಡ ಸುಟ್ಟು, ಆ ಧೂಳು ಬೆವರಿನಲ್ಲಿ ವಾರಗಟ್ಟಲೆ ಮಾಯುವುದಿಲ್ಲ. ಗಾಲಿ ಸೂಟ್‌ಕೇಸ್ ಈ ಬೈಕಿಗೆ ಕೂರುವುದಿಲ್ಲ. ಬೆನ್ನಿಗೇರುವ ಚೀಲ, 12–15 ಕೆಜಿ ಮೀರದಂತೆ ಸಾಕು. ಹೆಲ್ಮೆಟ್ ಕೇಳಿ, ಇಲ್ಲವೆಂದರೆ ಇನ್ನೊಬ್ಬನನ್ನು ಹುಡುಕಿ.

ಊಟದ ವಿಷಯಕ್ಕೆ ಬಂದರೆ ಗುಲು ಮಾರುಕಟ್ಟೆಯ ಸುತ್ತಲಿನ ಸಣ್ಣ ಅಚೋಲಿ (ಅಲ್ಲಿನ ಸ್ಥಳೀಯ ಜನಾಂಗ) ಹೋಟೆಲುಗಳಿಗೆ ಎಷ್ಟು ಹೊಗಳಿಕೆ ಕೊಟ್ಟರೂ ಕಡಿಮೆಯೇ. ವಿದೇಶಿಯರಿಗಾಗಿ ಇರುವ ಕಾಫಿ ಅಂಗಡಿಗಳ ಪಾಸ್ತಾ ಬಿಟ್ಟು ಇಲ್ಲಿಗೆ ಬನ್ನಿ. ಕ್ವೊನ್ ಕಾಲ್ ಕೇಳಿ: ರಾಗಿ ಹಿಟ್ಟಿಗೆ ಸಾಮಾನ್ಯವಾಗಿ ಮರಗೆಣಸಿನ ಹಿಟ್ಟು ಬೆರೆಸಿ ತಿರುವಿದ ಮುದ್ದೆ. ಜೊತೆಗೆ ಮಲಕ್ವಾಂಗ್, ಪುಂಡಿ ಸೊಪ್ಪಿನ ಬಳಗದ ಹುಳಿ ಸೊಪ್ಪನ್ನು ಬೇಯಿಸಿ ಹಿಂಡಿ, 'ಓಡಿ' ಸೇರಿಸಿ ಮಾಡಿದ್ದು. 'ಓಡಿ' ಎಂದರೆ ಹುರಿದ ಕಡಲೆಕಾಯಿ, ಎಳ್ಳು ಅರೆದ ಗಟ್ಟಿ ಮುದ್ದೆ. ಹುಳಿ ಮೊದಲು ನಾಲಿಗೆಗೆ ಬಡಿದು ಆಮೇಲೆ ಎಳ್ಳಿನ ಜಿಡ್ಡು ನಿಧಾನಕ್ಕೆ ಬರುತ್ತದೆ, ಬೆಂದ ಗೆಣಸಿನ ಜೊತೆಯಂತೂ ತಟ್ಟೆ ಖಾಲಿಯಾದದ್ದೇ ಗೊತ್ತಾಗುವುದಿಲ್ಲ. ಲಪೆನಾ ಎಂದರೆ ಇಡಿ ತೊಗರಿ ಬೇಯಿಸಿದ್ದು. ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವ ಮಾತೇ ಇಲ್ಲ, ಒಣಮೀನು ಬೆರೆಸಿದ್ದಾರಾ ಎಂದು ಮಾತ್ರ ಕೇಳಿ. ಹೀಗಿರುವಾಗ ಬೇಳೆ, ಹಿಟ್ಟು ಹೊತ್ತೊಯ್ಯುವುದು ದಂಡ. ಅದೂ ಬೇಕೆಂದರೆ ಕಂಪಾಲಾದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ.

ಹಳ್ಳಿಯಲ್ಲಿ ತಮ್ಮ ಅಥವಾ ತಂಗಿ ಇರುವ ಮನೆಯಲ್ಲೇ ಉಳಿಯುವುದಾದರೆ ಮೊದಲು ನೀರಿನ ಲೆಕ್ಕ. ಕೊಳವೆಬಾವಿಯಿಂದ 20 ಲೀಟರಿನ ಹಳದಿ ಕ್ಯಾನುಗಳಲ್ಲಿ ಹೊತ್ತು ತರುವ ನೀರು ಅದು, ಹೊರುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ನೀವೊಬ್ಬರು ಬಂದರೆ ದಿನಕ್ಕೆ ಕನಿಷ್ಠ ಒಂದು ಕ್ಯಾನ್ ಹೆಚ್ಚು. ಅದನ್ನು ನೀವೇ ತನ್ನಿ, ಇಲ್ಲವೇ ದುಡ್ಡು ಕೊಟ್ಟು ತರಿಸಿ. ಸ್ನಾನ ಅರ್ಧ ಬೇಸಿನ್ನಿನಲ್ಲಿ ಮುಗಿಸುವುದು ಕಷ್ಟವೇನಲ್ಲ. ಮನೆಯೊಡತಿಗೆ ಎರಡು ಕೆಜಿ ಸಕ್ಕರೆ, ಬಾರ್ ಸೋಪು, ಚಹಾಪುಡಿ ಹೋದ ದಿನವೇ ಕೊಡಿ. ಊರಿನ ಮಕ್ಕಳಿಗೆ ಪೆನ್ನು, ಚಾಕೊಲೇಟ್, ಕಾಸು ಹಂಚಬೇಡಿ. ನೀವು ವಾಪಸ್ಸಾದ ಮೇಲೆ ಆ ಮಕ್ಕಳು ಕೈಚಾಚುವುದು ಅಲ್ಲೇ ಉಳಿಯುವ ನಿಮ್ಮ ತಂಗಿಯ ಮುಂದೆ. ಊರಿನ ಎಲ್‌ಸಿ1 (ಹಳ್ಳಿ ಮಟ್ಟದ ಸ್ಥಳೀಯ ಸಮಿತಿ) ಅಧ್ಯಕ್ಷರನ್ನು ಕಂಡು ಪರಿಚಯ ಹೇಳಿಕೊಳ್ಳುವುದನ್ನು ಮರೆಯಬೇಡಿ. ಹೊಸಬರು ಊರಲ್ಲಿ ತಂಗಿದ್ದಾರೆ ಎಂಬುದು ಅವರಿಗೆ ತಿಳಿದಿರಬೇಕು.

ಪ್ಲಗ್ಗು ಅಲ್ಲಿ ಚೌಕ ಮೂರು ಕಡ್ಡಿಯ ಬ್ರಿಟಿಷ್ ಮಾದರಿ, ಅಡಾಪ್ಟರ್ ಬೇಕು. ಹೆಡ್‌ಲ್ಯಾಂಪ್, ಪವರ್ ಬ್ಯಾಂಕ್ ಸಹ.

ಮಲೇರಿಯಾ ಉತ್ತರದಲ್ಲಿ ಜೋರು. ವೈದ್ಯರು ಬರೆದುಕೊಟ್ಟ ಮುಂಜಾಗ್ರತೆ ಮಾತ್ರೆಯನ್ನು ಬಂದ ಮೇಲೂ ಪೂರ್ತಿ ಮುಗಿಸಬೇಕು: ಡಾಕ್ಸಿಸೈಕ್ಲಿನ್ ಆದರೆ 28 ದಿನ, ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ 7 ದಿನ. ವರ್ಷಗಟ್ಟಲೆ ಅಲ್ಲಿರುವವರು ಇದನ್ನೆಲ್ಲ ನುಂಗದೆ ಇರಬಹುದು, ಅವರನ್ನು ನೋಡಿ ನೀವು ಬಿಡಬೇಡಿ. ಜ್ವರ ಬಂದರೆ ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ಅರ್ಧ ತಾಸಿನೊಳಗೆ ಹೇಳುತ್ತಾರೆ.

ತಮ್ಮ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದರೆ ಡಿಸೆಂಬರ್–ಜನವರಿಯ ದೊಡ್ಡ ರಜೆಗೆ ಹೋಗಿ. ಆಗ ಮಳೆಯೂ ಇಲ್ಲ, ಕೆಮ್ಮಣ್ಣಿನ ರಸ್ತೆ ಗಟ್ಟಿಯಾಗಿರುತ್ತದೆ, ಇಬ್ಬರೂ ಸೇರಿ ಮರ್ಚಿಸನ್ ಫಾಲ್ಸ್ ರಾಷ್ಟ್ರೀಯ ಉದ್ಯಾನ ನೋಡಬಹುದು. ಅವನ ವಾಸದ ಪರವಾನಗಿಯ ಮೂಲಪ್ರತಿ ಜೊತೆಗಿರಲಿ, ನಿವಾಸಿ ವಿದೇಶಿಯರಿಗೆ ಪ್ರವೇಶ ಶುಲ್ಕ ಕಡಿಮೆ. ಗೊರಿಲ್ಲಾ ನೋಡುವ ಆಸೆ ಈ ಸಲ ಬಿಡಿ: ಒಬ್ಬರಿಗೆ 800 ಡಾಲರ್, ಜಾಗ ದೇಶದ ಇನ್ನೊಂದು ಮೂಲೆಯಲ್ಲಿ.

ವಾಪಸ್ ಹೊರಡುವಾಗ ವಿಮಾನದ ಹಿಂದಿನ ದಿನವೇ ಕಂಪಾಲಾ ಅಥವಾ ಎಂಟೆಬ್ಬೆ ಸೇರಿಕೊಳ್ಳಿ. ಉತ್ತರದಿಂದ ಬರುವ ಬೊಂಬೊ ರಸ್ತೆ ನಗರಕ್ಕೆ ಸೇರುವಲ್ಲಿ ಸಂಜೆ ಬಸ್ಸು ಇರುವೆಯಂತೆ ತೆವಳುತ್ತದೆ. ಹಳದಿ ಜ್ವರದ ಕಾರ್ಡ್ ಕೈಚೀಲದಲ್ಲೇ ಇರಲಿ, ಡಿಕ್ಕಿಗೆ ಹಾಕುವ ಚೀಲದಲ್ಲಿ ಬೇಡ. ಉಗಾಂಡಾದಿಂದ ಬರುವವರನ್ನು ಭಾರತದ ವಿಮಾನ ನಿಲ್ದಾಣದ ಆರೋಗ್ಯ ಕೌಂಟರಿನಲ್ಲಿ ಅದನ್ನು ಕೇಳುತ್ತಾರೆ, ತೋರಿಸಲಾಗದಿದ್ದರೆ 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.