ಗೆರೆ ಇಲ್ಲದ ಹೆಬ್ಬೆರಳು

ನಮ್ಮ ಗಣಿತದ ಮಾಸ್ತರರು ತೀರಿಕೊಂಡ ಸುದ್ದಿ ಬಂದಾಗ ನಾನು ಬ್ಯಾಂಕಿನ ಕೌಂಟರಿನ ಬಳಿ ನಿಂತಿದ್ದೆ. ಪಿಂಚಣಿ ಪಡೆಯಲು ಬಂದಿದ್ದ ಅಜ್ಜಿಯೊಬ್ಬರು ಆಧಾರ್ ಯಂತ್ರದ ಮೇಲೆ ಹೆಬ್ಬೆರಳನ್ನು ನಾಲ್ಕನೆಯ ಸಲ ಒತ್ತುತ್ತಿದ್ದರು. ಯಂತ್ರ ಒಪ್ಪುತ್ತಿರಲಿಲ್ಲ. ಕಳೆ ಕಿತ್ತು, ಮುಸುರೆ ತಿಕ್ಕಿ ಸವೆದ ಬೆರಳಿನಲ್ಲಿ ಅದು ಓದುವಂಥ ಗೆರೆ ಉಳಿದಿರಲಿಲ್ಲ. ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ, ಬೇರೆ ಗುರುತು ನೋಡಿ ಹಣ ಕೊಡಿಸಿದ ಮೇಲೆಯೇ ಸಹಪಾಠಿಯ ಸಂದೇಶವನ್ನು ಪೂರ್ತಿ ಓದಿದೆ. ಮಾಸ್ತರರಿಗೆ 88 ವರ್ಷವಾಗಿತ್ತಂತೆ. ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲವಂತೆ. ಆ ಹೊತ್ತಿನಲ್ಲಿ ನನಗೆ ಮಾಸ್ತರರ ಜೊತೆಗೆ ಅವ್ವನೂ ನೆನಪಾದಳು. ಅವಳು ಹೋಗಿ ಒಂಬತ್ತು ವರ್ಷವಾಯಿತು. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಮುಖ್ಯಾಧ್ಯಾಪಕರು ಕೇಳಿದಾಗ ಈ ಇಬ್ಬರನ್ನು ಬಿಟ್ಟು ಬೇರೇನೂ ಬರೆಯಲು ಮನಸ್ಸಾಗಲಿಲ್ಲ.

ನಾನು ಈ ಶಾಲೆಗೆ ಸೇರಿದಾಗ ನಮ್ಮ ಇಳಕಲ್ಲು ಇನ್ನೂ ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು ಆಮೇಲೆ, 1997ರಲ್ಲಿ. ಓಣಿಯಲ್ಲಿ ಹೆಜ್ಜೆ ಇಟ್ಟರೆ ಎರಡೂ ಬದಿಯ ಮನೆಗಳಿಂದ ಮಗ್ಗದ ಸಪ್ಪಳ ಕೇಳುತ್ತಿತ್ತು. ನಮ್ಮ ಮನೆಯದು ಕುಣಿಮಗ್ಗ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಊಟದ ಹೊತ್ತಿಗೇ ಏಳುತ್ತಿದ್ದ. ಪಕ್ಕದಲ್ಲಿ ರಾಟಿ ಹಾಕಿಕೊಂಡು ಅವ್ವ ಕಂಡಿಕೆ, ಅಂದರೆ ನೂಲಿನ ಸಣ್ಣ ಉರುಳೆ, ಸುತ್ತುತ್ತಿದ್ದಳು. ಬಲಗೈ ರಾಟಿ ತಿರುಗಿಸಬೇಕು, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನೂಲು ಹಾಯಬೇಕು. ಇಳಕಲ್ಲ ಸೀರೆಯ ಒಡಲಿನ ಹಾಸೇ (ಮಗ್ಗದ ಉದ್ದಕ್ಕೆ ಹೂಡುವ ನೂಲೇ) ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸಕ್ಕೂ ಅವ್ವನೇ ಕೂರುತ್ತಿದ್ದಳು. ಒಂದು ಕೊಂಡಿ ತಪ್ಪಿದರೆ ಅಲ್ಲಿಯವರೆಗೆ ಬಿಚ್ಚಿ ಮತ್ತೆ ಮೊದಲಿನಿಂದ ಹಾಕುತ್ತಿದ್ದಳು. ಸೀರೆಯ ಕೂಲಿಯಲ್ಲಿ ಅವಳ ದುಡಿಮೆಗೆಂದು ಬೇರೆ ಪಾಲು ಇರಲಿಲ್ಲ.

ಅವ್ವನ ದಿನ ಕತ್ತಲಿರುವಾಗಲೇ ಶುರುವಾಗುತ್ತಿತ್ತು. ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇಟ್ಟುಕೊಂಡು ಕುಳಿತರೆ ಬಾಗಿಲಲ್ಲಿ ಸಾಲ ವಸೂಲಿಗೆ ಬಂದವರು ಕೂಗಿದರೂ ಕಣ್ಣು ತೆರೆಯುತ್ತಿರಲಿಲ್ಲ. ಸಾಲ ಇತ್ತು. ಅಪ್ಪ ಕುಡಿಯುತ್ತಿದ್ದ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಮಹಾಂತ ಜೋಳಿಗೆ ನಮ್ಮ ಓಣಿಗೆ ಬಂತು. ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಅಪ್ಪಗಳು 1975ರಿಂದ ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆ ಬೇಡುತ್ತಿದ್ದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರಕಾರ ಈಗ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಆ ದಿನ ಅಪ್ಪ ಅವರ ಮುಂದೆ ತಲೆ ತಗ್ಗಿಸಿ ಸಾರಾಯಿಯನ್ನು ಜೋಳಿಗೆಗೆ ಹಾಕಿದ. ಆಮೇಲೆ ಎರಡು ಸಲ ಜಾರಿದ ಕೂಡ. ಎರಡು ಸಲವೂ ಅವ್ವ ಬೈಯಲಿಲ್ಲ. "ಎಳೆ ಹರಿದಿದೆ, ಗಂಟು ಹಾಕೋಣ" ಎಂದಳು, ಬಿಸಿ ನೀರು ಕಾಯಿಸಿ ಕೊಟ್ಟಳು, ಬೆಳಗ್ಗೆ ತನ್ನ ಪಕ್ಕದಲ್ಲೇ ಪೂಜೆಗೆ ಕೂರಿಸಿಕೊಂಡಳು. ಮೂರನೆಯ ಸಲ ಅಪ್ಪ ಜಾರಲೇ ಇಲ್ಲ.

ಅದೇ ಜೋಳಿಗೆಗೆ ನಮ್ಮ ಗಣಿತದ ಮಾಸ್ತರರು ತಮ್ಮ ನಶ್ಯದ ಡಬ್ಬಿಯನ್ನು ಹಾಕಿದ್ದರು. ಅವರ ಕೈಯಲ್ಲಿ ಕಲಿತವರಿಗೆಲ್ಲ ಇದು ಗೊತ್ತು. ಕಠಿಣವಾದ ಲೆಕ್ಕ ಬಂದಾಗ ಬಲಗೈಯ ಎರಡು ಬೆರಳು ತಾವಾಗಿಯೇ ಮೂಗಿನ ಕಡೆಗೆ ಹೊರಡುತ್ತಿದ್ದವು, ಅರ್ಧ ದಾರಿಯಲ್ಲಿ ನಿಂತು ಬಿಡುತ್ತಿದ್ದವು. ಮಾಸ್ತರರು ಒಂದು ಕ್ಷಣ ಆ ಬೆರಳುಗಳನ್ನು ನೋಡಿ, ಸೀಮೆಸುಣ್ಣ ಹಿಡಿದು ಹಲಗೆಯ ಕಡೆಗೆ ತಿರುಗುತ್ತಿದ್ದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಸೈಕಲ್ಲಿನ ಹಿಡಿಕೆಗೆ ತೂಗುಹಾಕಿದ ಖಾದಿ ಚೀಲ. ಅವರು ಕಲಿಸಿದ ಪ್ರಮೇಯಗಳಲ್ಲಿ ಇವತ್ತು ನನಗೆ ಒಂದೂ ಪೂರ್ತಿ ನೆನಪಿಲ್ಲ. ನಡುದಾರಿಯಲ್ಲಿ ನಿಂತ ಆ ಎರಡು ಬೆರಳು ಮಾತ್ರ ಈಗಲೂ ಕಣ್ಣ ಮುಂದಿವೆ.

1984ರ ಮಾತು. ಒಂಬತ್ತನೆಯ ಇಯತ್ತೆಯ ಆರು ತಿಂಗಳ ಪರೀಕ್ಷೆಯಲ್ಲಿ ಗಣಿತಕ್ಕೆ ನನಗೆ ನೂರಕ್ಕೆ ಹದಿನೇಳು ಅಂಕ ಬಂದವು. ಪ್ರಗತಿ ಪತ್ರಕ್ಕೆ ಪಾಲಕರ ಸಹಿ ಬೇಕು. ಅಪ್ಪನಿಗೆ ಸಹಿ ಬರುತ್ತಿತ್ತು, ಆದರೆ ಕುಣಿಯಿಂದ ಎದ್ದು ಬರುವವನಲ್ಲ. ನನ್ನ ಪತ್ರದ ಮೇಲೆ ಯಾವಾಗಲೂ ಅವ್ವನ ಹೆಬ್ಬೆಟ್ಟೇ ಬೀಳುತ್ತಿತ್ತು. ನನ್ನ ಬೆಂಚಿನ ಇನ್ನಿಬ್ಬರದೂ ಅದೇ ಪಾಡು. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಮೂವರೂ ಸೇರಿದೆವು. ಒಬ್ಬ ಪೆನ್ನು ಬಿಚ್ಚಿ ಕಲ್ಲಿನ ಮೇಲೆ ಶಾಯಿ ಸುರಿದ. ಹೆಬ್ಬೆಟ್ಟು ಒತ್ತುವ ಧೈರ್ಯ ನನ್ನೊಬ್ಬನಿಗೇ ಇತ್ತು. ನನ್ನ ಎಡಗೈ ಹೆಬ್ಬೆರಳನ್ನು ಅದ್ದಿ ನನ್ನ ಪತ್ರಕ್ಕೂ ಒತ್ತಿದೆ, ಅವರಿಬ್ಬರ ಪತ್ರಗಳಿಗೂ ಒತ್ತಿಕೊಟ್ಟೆ. ಅಂದು ಸಂಜೆ ನನ್ನಷ್ಟು ಜಾಣ ಊರಲ್ಲೇ ಇಲ್ಲ ಎಂದುಕೊಂಡು ಮನೆಗೆ ಹೋದೆ.

ಮರುದಿನ ಮಾಸ್ತರರು ಮೂರು ಪತ್ರಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು. "ಮೂರು ಮನೆಯ ತಾಯಂದಿರಿಗೆ ಒಂದೇ ಹೆಬ್ಬೆರಳೇನಪ್ಪ?" ಎಂದು ಕೇಳಿದರು. ಗೆಳೆಯರಿಬ್ಬರೂ ನನ್ನ ಕಡೆ ನೋಡಿದರು. ಮಾಸ್ತರರು ನನ್ನ ಪತ್ರದಲ್ಲಿ ಹಿಂದಿನ ಪರೀಕ್ಷೆಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಅವ್ವನ ಗುರುತು ಇತ್ತು: ಉದ್ದಕ್ಕೆ ಹಬ್ಬಿದ ಬರೀ ಒಂದು ನೀಲಿ ಕಲೆ. ಅದರ ಕೆಳಗೆ ನನ್ನದು, ಸುರುಳಿ ಸುರುಳಿಯಾಗಿ ಎಣಿಸುವಷ್ಟು ಸ್ಪಷ್ಟವಾದ ಗೆರೆಗಳು. "ನಿನ್ನ ಅವ್ವನ ಬೆರಳಿಗೆ ಗೆರೆ ಇಲ್ಲ, ನೋಡಿರುವೆಯಾ? ನೂಲು ತಿಂದು ಹಾಕಿದೆ" ಎಂದರು. ನಾನು ನೋಡಿರಲಿಲ್ಲ. ದಿನಾ ಆ ಕೈಯಿಂದ ರೊಟ್ಟಿ ಇಸಿದುಕೊಂಡು ತಿನ್ನುತ್ತಿದ್ದೆ, ಒಮ್ಮೆಯೂ ನೋಡಿರಲಿಲ್ಲ.

ಛಡಿ ಏಟು ಬೀಳಲಿಲ್ಲ. ಸಂಜೆ ಮಾಸ್ತರರ ಸೈಕಲ್ಲು ನಮ್ಮ ಮನೆಯ ಮುಂದೆ ನಿಂತಿತು. ಅವ್ವ ರಾಟಿ ನಿಲ್ಲಿಸಿ, ಸೆರಗು ಹೊದ್ದು, ಕಂಬಳಿ ಹಾಸಿ ಅವರನ್ನು ಕೂರಿಸಿದಳು. ಎಲ್ಲವನ್ನೂ ಕೇಳಿದ ಮೇಲೆ ನನ್ನ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಶಾಯಿ ಇನ್ನೂ ಹೋಗಿರಲಿಲ್ಲ.

"ಬೆಳಗ್ಗೆ ಇದೇ ಕೈಯಲ್ಲಿ ಲಿಂಗ ಹಿಡಿದಿದ್ದೆಯಲ್ಲೋ. ಅದಕ್ಕೆ ಕಾಣಿಸಲಿಲ್ಲ ಎಂದು ತಿಳಿದೆಯಾ?"

ನಾನು ಅಳಲು ಶುರುಮಾಡಿದೆ. ಎಷ್ಟು ಅಂಕ ಬಂದಿವೆ ಎಂದು ಕೇಳಿದಳು. ಹದಿನೇಳು ಎಂದೆ. ಪಾಸಾಗಲು ಎಷ್ಟು ಬೇಕು ಎಂದಳು. ಮೂವತ್ತೈದು ಎಂದೆ.

"ಹಾಗಾದರೆ ಇನ್ನು ಹದಿನೆಂಟು. ಹದಿನೇಳು ನಿನ್ನವೇ ಇವೆ, ಯಾರೂ ಕಸಿದುಕೊಳ್ಳುವುದಿಲ್ಲ. ಉಳಿದ ಹದಿನೆಂಟನ್ನು ದಿನಕ್ಕೆ ಒಂದೊಂದಾಗಿ ಕೂಡಿಸು. ಎಳೆ ಹರಿಯುವುದು ತಪ್ಪಲ್ಲ ಮಗನೇ, ಹರಿದದ್ದನ್ನು ಮುಚ್ಚಿಟ್ಟು ನೇಯಬಾರದು. ಮುಂದೆ ಉಟ್ಟವರ ಮೈ ಮೇಲೆ ಅದು ಬಿಡುತ್ತದೆ."

ಮಾಸ್ತರರು ಅಪ್ಪನ ಕಡೆ ತಿರುಗಿ, "ಲೆಕ್ಕ ಇವನಿಗಿಂತ ಚುರುಕಾಗಿ ಇವನ ಅವ್ವನಿಗೆ ಬರುತ್ತದೆ" ಎಂದರು. ಆಮೇಲೆ ನನಗೆ ಶಿಕ್ಷೆ ಹೇಳಿದರು: ದಿನಾಲು ಸಂಜೆ ಅವರ ಮನೆಗೆ ಹೋಗಿ ಲೆಕ್ಕ ಕಲಿಯಬೇಕು, ರಾತ್ರಿ ಅವ್ವನಿಗೆ ಅವಳ ಹೆಸರು ಬರೆಯಲು ಕಲಿಸಬೇಕು. ವಾರ್ಷಿಕ ಪರೀಕ್ಷೆಯ ಪ್ರಗತಿ ಪತ್ರದ ಮೇಲೆ ಸಹಿ ಇರಬೇಕು, ಹೆಬ್ಬೆಟ್ಟು ನಡೆಯುವುದಿಲ್ಲ.

ಲೆಕ್ಕ ಕಲಿತೆ. ವಾರ್ಷಿಕ ಪರೀಕ್ಷೆಯಲ್ಲಿ ನಲವತ್ತಾರು ಬಂತು, 1986ರ ಎಸ್ಸೆಸ್ಸೆಲ್ಸಿಯಲ್ಲಿ ಎಪ್ಪತ್ತೊಂದು. ಮೂವತ್ತೊಂದು ವರ್ಷದ ಬ್ಯಾಂಕ್ ಸೇವೆಯಲ್ಲಿ ನನ್ನ ಖಾತೆಪುಸ್ತಕದ ಮೇಲೆ ಯಾವ ಲೆಕ್ಕಪರಿಶೋಧಕರೂ ಕೆಂಪು ಗೆರೆ ಎಳೆದಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ನನ್ನ ಕೈಕೆಳಗಿನ ಹುಡುಗನೊಬ್ಬ ತಪ್ಪು ಮಾಡಿ ಹೆದರಿ ನಿಂತಾಗ ನಾನು ಮೊದಲು ಕೇಳುವುದು, ಎಷ್ಟು ಸರಿಯಿದೆ ಎಂದು.

ಅವ್ವನಿಗೆ ಕಲಿಸುವುದು ಮಾತ್ರ ಸುಲಭವಾಗಿರಲಿಲ್ಲ. ಅವಳ ಹೆಸರಿನಲ್ಲಿ ಇದ್ದದ್ದು ಮೂರೇ ಅಕ್ಷರ, ಒಂದಕ್ಕೆ ಒತ್ತು. ಬಳಪ ಹಿಡಿದರೆ ಮುರಿಯುತ್ತಿತ್ತು, ಪಾಟಿಯ ಮೇಲೆ ಅಕ್ಷರ ಅಡ್ಡ ಬೀಳುತ್ತಿತ್ತು. ಮೊದಲ ತಿಂಗಳು ಏನೂ ಆಗಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ. "ಶಿವ ನನಗೆ ಇಷ್ಟು ತಡವಾಗಿ ಅಕ್ಷರ ಕೊಡುತ್ತಿದ್ದಾನೆ ಎಂದರೆ ಏನೋ ಕೆಲಸ ಇಟ್ಟಿದ್ದಾನೆ" ಎನ್ನುತ್ತಿದ್ದಳು. ಎರಡನೆಯ ತಿಂಗಳು ಇದ್ದಕ್ಕಿದ್ದಂತೆ ಅಕ್ಷರಗಳು ನೆಟ್ಟಗಾದವು. ವಾರ್ಷಿಕ ಪತ್ರದ ಮೇಲೆ ಅವಳು ಸಹಿ ಮಾಡಿದ ದಿನ ನಾನು ಓಣಿಯ ತುಂಬ ಅದನ್ನು ತೋರಿಸಿಕೊಂಡು ಬಂದೆ. ನನ್ನ ಅವ್ವನಿಗೆ ಬರೆಯಲು ಕಲಿಸಿದ್ದು ನಾನು ಎಂದು ಮುಂದೆ ನನ್ನ ಹೆಂಡತಿಗೆ, ಮಕ್ಕಳಿಗೆ, ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ.

ಈಗ ನನ್ನ ಮೊಮ್ಮಗಳ ಶಾಲೆಯಿಂದ ಅಂಕಗಳು ಮೊಬೈಲಿಗೆ ಬರುತ್ತವೆ. ಅವಳ ಅಪ್ಪ ಟ್ರಾಫಿಕ್ಕಿನಲ್ಲಿ ಕುಳಿತಲ್ಲೇ ಒಂದು ಗುಂಡಿ ಒತ್ತುತ್ತಾನೆ, ಸಹಿ ಆಯಿತು. ತಂದೆ ತಾಯಿಯ ಬೆರಳಿನಲ್ಲಿ ಗೆರೆ ಇದೆಯೋ ಇಲ್ಲವೋ ಎಂದು ನೋಡುವ ಬಿಡುವು ಈಗಿನ ಶಿಕ್ಷಕರಿಗೆ ಇಲ್ಲ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಎಲ್ಲವೂ ಅವರ ತಲೆಯ ಮೇಲೆ. ತಪ್ಪು ಅವರದಲ್ಲ. ಆದರೂ ವರ್ಷಕ್ಕೆ ಒಂದು ಸಲವಾದರೂ ಮಾಸ್ತರರೊಬ್ಬರು ಮನೆಯ ಬಾಗಿಲಿಗೆ ಬಂದು, ಕಂಬಳಿಯ ಮೇಲೆ ಕುಳಿತು ಹೋಗುವಂತಾಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಮ್ಮ ಶಾಲೆಯೇ ಇದನ್ನು ಶುರು ಮಾಡಿದರೆ ಬೇಕಾದ ಸಹಾಯಕ್ಕೆ ನಾವು ಹಳೆಯ ವಿದ್ಯಾರ್ಥಿಗಳು ಇದ್ದೇವೆ.

ಮಾಸ್ತರರ ಪುಣ್ಯತಿಥಿಗೆ ಹೋದಾಗ ಆ ಹಳೆಯ ಪ್ರಗತಿ ಪತ್ರವನ್ನು ಜೊತೆಗೆ ಒಯ್ದಿದ್ದೆ. ಅವ್ವನ ನೀಲಿ ಕಲೆ, ಅದರ ಕೆಳಗೆ ನನ್ನ ಸುಳ್ಳು ಹೆಬ್ಬೆಟ್ಟು, ಅದರ ಕೆಳಗೆ ಅವ್ವನ ಸಹಿ. ಮಾಸ್ತರರ ಪತ್ನಿ ಕನ್ನಡಕ ಏರಿಸಿಕೊಂಡು ಸಹಿಯನ್ನು ಬಹಳ ಹೊತ್ತು ನೋಡಿದರು.

"ಈ ಒತ್ತಕ್ಷರ ಅವಳಿಗೆ ಕೂಡ್ರುತ್ತಲೇ ಇರಲಿಲ್ಲ" ಎಂದರು.

ನಿಮಗೆ ಹೇಗೆ ಗೊತ್ತು ಅಮ್ಮನವರೇ ಎಂದು ಕೇಳಿದೆ. ನೀವು ಹುಡುಗರು ಶಾಲೆಗೆ ಹೋದ ಮೇಲೆ ನಿಮ್ಮ ಅವ್ವ ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳಪ್ಪ ಎಂದರು. ಬಳಪ ಅವಳ ಕೈಯಲ್ಲಿ ನಿಲ್ಲುತ್ತಿರಲಿಲ್ಲವೆಂದು ಅಮ್ಮನವರೇ ಒಂದು ಉಪಾಯ ಮಾಡಿದರಂತೆ. ಅವ್ವ ಉಡಿಯಲ್ಲಿ ಒಂದು ಕಂಡಿಕೆ ಕೆಂಪು ನೂಲು ತರುತ್ತಿದ್ದಳಂತೆ. ಇವರು ನೆಲದ ಮೇಲೆ ಸುಣ್ಣದಲ್ಲಿ ಅಕ್ಷರ ಬರೆದರೆ, ಅವ್ವ ಅದರ ಮೇಲೆ ನೂಲನ್ನು ಹಾಸುತ್ತ ಹೋಗುತ್ತಿದ್ದಳಂತೆ. ಎಳೆ ಹಿಡಿದ ಕೂಡಲೇ ಕೈ ನಡುಗುವುದು ನಿಲ್ಲುತ್ತಿತ್ತಂತೆ. ಹೀಗೆ ಇಪ್ಪತ್ತು ದಿನ.

"ಮಗನಿಗೆ ಮಾತ್ರ ಹೇಳಬೇಡಿರಿ ಎನ್ನುತ್ತಿದ್ದಳು. ಅವನು ಕಲಿಸುತ್ತಿದ್ದಾನೆ, ಅವನ ಕೈಯಿಂದಲೇ ಕಲಿತಂತೆ ಆಗಲಿ ಎನ್ನುತ್ತಿದ್ದಳು."

ಅವರು ಪತ್ರವನ್ನು ನನ್ನ ಕೈಗೆ ಮರಳಿ ಕೊಟ್ಟು, ಪ್ರಸಾದಕ್ಕೆ ಎಲೆ ಹಾಕಿದ್ದಾರೆ, ಎದ್ದು ಒಳಗೆ ಬಾ ಎಂದರು.